ಮೊಸಳೆಗೆ ಎಸೆದ ಕ್ಯಾಸೆಟ್ಟು

ನಾನು ಭೌತವಿಜ್ಞಾನ ಓದಿದವನು. ಪುರಾವೆ ಇಲ್ಲದ ಯಾವುದನ್ನೂ ನಂಬುವುದಿಲ್ಲ. ನನ್ನ ನೆನಪನ್ನಂತೂ ಸುತರಾಂ ನಂಬುವುದಿಲ್ಲ. ಮನೆಗೆ ಬೀಗ ಹಾಕಿ ಕೆಳಗಿಳಿದ ಮೇಲೆ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹತ್ತಿ ನೋಡುತ್ತೇನೆ. ನೋಡಿ ಇಳಿದ ಮೇಲೆ, ಹಾಗೆ ನೋಡಿದ್ದು ಇವತ್ತೋ ನಿನ್ನೆಯೋ ಎಂದು ಅನುಮಾನ ಬರುತ್ತದೆ. ಅಹಮದಾಬಾದಿನ ಚಾಂದ್‌ಖೇಡಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಲಿಫ್ಟು ಕೆಟ್ಟರೆ ಅತಿ ಹೆಚ್ಚು ಬಳಲುವವನು ನಾನೇ.

ಆದರೆ ಮನುಷ್ಯನಿಗೆ ಒಂದಾದರೂ ಗಟ್ಟಿ ನೆನಪು ಬೇಕಲ್ಲ! ನನಗೂ ಒಂದಿತ್ತು. ವಡೋದರಾದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ನಾನು ಪಂಕ್ ಆಗಿದ್ದೆ ಮತ್ತು ಆ ಮಹಾಬ್ಯಾಂಡನ್ನು ಮನಸಾರೆ ದ್ವೇಷಿಸುತ್ತಿದ್ದೆ.

ಪಂಕ್ ಎಂದರೆ ಸಿಟ್ಟಿನ ರಾಕ್ ಸಂಗೀತ; ಮೂರು ಸ್ವರ, ಎರಡು ನಿಮಿಷ, ಒಂದು ಕೂಗು. ಹರಿದ ಅಂಗಿ, ನಿಮಿರಿದ ಕೂದಲು. ಮಹಾಬ್ಯಾಂಡ್ ಎಂದರೆ ಇದಕ್ಕೆ ಪೂರ್ತಿ ತದ್ವಿರುದ್ಧ. ಅದು ಇಂಗ್ಲೆಂಡಿನ ಹಳೆಯ ಪ್ರೊಗ್ರೆಸಿವ್ ರಾಕ್ ತಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಭಕ್ತರು ನನಗೆ ಪತ್ರ ಬರೆಯುತ್ತಾರೆ, ಮತ್ತು ಆ ಪತ್ರಗಳೂ ಅದರ ಹಾಡುಗಳಷ್ಟೇ ಉದ್ದವಿರುತ್ತವೆ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಒಂದೇ ಹಾಡು! ಕೀಬೋರ್ಡಿನವನು ರೇಷ್ಮೆ ನಿಲುವಂಗಿ ತೊಟ್ಟು, ಸುತ್ತ ಕೀಬೋರ್ಡುಗಳ ಕೋಟೆ ಕಟ್ಟಿಕೊಂಡು ಕೂರುತ್ತಾನೆ. ಅವನು ತೋಳು ಮಡಚುವಷ್ಟರಲ್ಲಿ ನಮ್ಮ ಪಂಕ್ ಹಾಡು ಮುಗಿದು, ಹಾಡಿದವರು ಊಟಕ್ಕೆ ಹೊರಟಿರುತ್ತಾರೆ.

ಆಗ ನಾವು ವಡೋದರಾದಲ್ಲಿ ಮೂವರು ಪಂಕರಿದ್ದೆವು. ನಾನು, ಉಡುಪಿ ಕಡೆಯ ವಾಸು, ಸೂರತ್ತಿನ ಹೇಮಂತ. ವಾಸುವಿನ ಮಾವ ಅಲ್ಲಿ ಹೋಟೆಲು ನಡೆಸುತ್ತಿದ್ದರು. ಕೂದಲು ನೆಟ್ಟಗೆ ನಿಲ್ಲಿಸಲು ಅವರ ಅಡುಗೆಮನೆಯ ಉದ್ದಿನ ಹಿಟ್ಟೇ ನಮಗೆ ಗತಿ. ಬೆಳಿಗ್ಗೆ ಚೂಪಾಗಿ ನಿಲ್ಲುತ್ತಿತ್ತು. ಗುಜರಾತಿನ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಹುಳಿ ಬರುತ್ತಿತ್ತು!

ನನ್ನ ಪಂಕ್ ಬದುಕಿನ ಮಹತ್ಕಾರ್ಯ ನಡೆದದ್ದು ವಿಶ್ವಾಮಿತ್ರಿ ನದಿಯ ಸೇತುವೆ ಮೇಲೆ. ಊರ ನಡುವೆ ಹರಿಯುವ ಆ ನದಿಯಲ್ಲಿ ಮೊಸಳೆಗಳಿವೆ. ಮಹಾಬ್ಯಾಂಡಿನ ಕ್ಯಾಸೆಟ್ಟನ್ನು ನಾನು ಸೇತುವೆಯಿಂದ ಮೊಸಳೆಗೆ ಎಸೆದೆ. ಮೊದಮೊದಲು ಈ ಕತೆ ಹೇಳುವಾಗ ಮೊಸಳೆ ದೂರದ ದಡದಲ್ಲಿ ಮಲಗಿರುತ್ತಿತ್ತು. ವರ್ಷ ಕಳೆದಂತೆ ಹತ್ತಿರ ಬಂತು. ಈಚೀಚೆಗೆ ಕ್ಯಾಸೆಟ್ಟನ್ನು ನುಂಗಿ ತೇಗುತ್ತಲೂ ಇತ್ತು.

ಈ ಕತೆ ನನ್ನ ಪಾಲಿಗೆ ಸಂಜೀವಿನಿಯಾಯಿತು. ನನ್ನ ಮಗಳು ಮೈತ್ರಿ ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದವಳು, ಈಗ ಕಾಲೇಜಿನಲ್ಲಿದ್ದಾಳೆ. ಮೂವರು ಹುಡುಗಿಯರ ಪಂಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಅಲ್ಲಿಯವರೆಗೆ ಅವಳಿಗೂ ನನಗೂ ಇದ್ದ ಸಂಭಾಷಣೆ, "ಪಪ್ಪಾ, ವೈಫೈ ಹೋಗಿದೆ" ಎಂಬಷ್ಟೇ. ಮೊಸಳೆಯ ಕತೆ ಕೇಳಿದ ದಿನ ಅವಳು ಕಣ್ಣರಳಿಸಿದಳು.

"ಪಪ್ಪಾ, ಸಚ್ಚಿ? ನೀವು ಪಂಕ್ ಇದ್ರಿ?"

"ಇದ್ದೆನಾ? ಹೋಗಿ ಮೊಸಳೇನ ಕೇಳು!"

ಅಂದಿನಿಂದ ನಾನು ಮೇಲೇರಿದೆ. ಗೆಳೆಯರು ಬಂದರೆ, "ಮೀಟ್ ಮೈ ಪಪ್ಪಾ, ಒರಿಜಿನಲ್ ಪಂಕ್" ಎಂದು ಪರಿಚಯಿಸತೊಡಗಿದಳು. ಮೂಗಿಗೆ ಪಿನ್ನು ಚುಚ್ಚಿಕೊಂಡ ಹುಡುಗನೊಬ್ಬ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಪಂಕ್ ಆದರೇನು, ಗುಜರಾತಿ ಮನೆಯ ಸಂಸ್ಕಾರ! ಇಪ್ಪತ್ತು ದಾಟಿದ ಮಗಳು ತನ್ನ ಗೆಳೆಯರಿಗೆ ಅಪ್ಪನನ್ನು ತಾನಾಗಿ ತೋರಿಸುವುದೆಂದರೆ ಸಾಮಾನ್ಯವೇ? ನಮ್ಮ ಸಂಸ್ಥೆಯಲ್ಲಿ ನನಗೆ ಬಡ್ತಿ ಸಿಕ್ಕಾಗಲೂ ಇಷ್ಟು ಬೀಗಿರಲಿಲ್ಲ.

ಅಷ್ಟರಲ್ಲಿ ಮಗಳ ಬ್ಯಾಂಡು ಬಿರುಕು ಬಿಟ್ಟಿತು. ಕಾರಣ ಪ್ರೇಮವಲ್ಲ, ಸಿದ್ಧಾಂತ. ಗಿಟಾರ್ ನುಡಿಸುವ ಹುಡುಗಿ, "ಮಹಾಬ್ಯಾಂಡ್ ಗ್ರೇಟ್" ಎಂದುಬಿಟ್ಟಿದ್ದಳು! ಪಂಕ್ ಬಾಯಲ್ಲಿ ಇಂಥ ಮಾತೇ? ಸುದ್ದಿ ಹಬ್ಬಿ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಪಂಕರು ಫೋನಿನಲ್ಲಿ ಕಚ್ಚಾಡಿದರು. ಕೊನೆಗೆ ಎದುರೆದುರು ಕೂತು ಇತ್ಯರ್ಥ ಮಾಡುವುದೆಂದಾಯಿತು. ಜಾಗ, ವಡೋದರಾದಲ್ಲಿ ಈಗ ವಾಸುವೇ ನಡೆಸುತ್ತಿರುವ ಉಡುಪಿ ಹೋಟೆಲಿನ ಮಹಡಿ. ಪ್ರಧಾನ ಸಾಕ್ಷಿ, ನಾನು.

"ಪಪ್ಪಾ, ನೀವು ಮೊಸಳೆ ಸ್ಟೋರಿ ಹೇಳಿ, ಆ ಬ್ಯಾಂಡಿನ ಒಂದು ಹಾಡೂ ಪೂರಾ ಕೇಳಿಲ್ಲ ಅಂತ ಹೇಳಿ. ಬಸ್. ನಾವು ವಿನ್. ನಾನು ಎಲ್ಲರಿಗೂ ಪ್ರಾಮಿಸ್ ಮಾಡಿದ್ದೀನಿ."

"ಆಯಿತು ಮಗಳೇ" ಎಂದೆ, ಸುಪ್ರೀಂ ಕೋರ್ಟಿಗೆ ಹೊರಟವನ ಗತ್ತಿನಲ್ಲಿ.

ನನ್ನ ಹೆಂಡತಿ ಶಾಲಿನಿ ಧಾರವಾಡದವಳು. ಮಾತು ಸುತ್ತಿಬಳಸಿ ಆಡುವವಳಲ್ಲ. "ಏನ್ರೀ, ನಿನ್ನೆ ತಂದ ಕೊತ್ತಂಬರಿ ಎಲ್ಲಿಟ್ಟೀರಂತ ನಿಮಗ ನೆನಪಿಲ್ಲ. ಕಾಲೇಜಿನಾಗ ಒಗದ ಕ್ಯಾಸೆಟ್ಟಿಗೆ ಸಾಕ್ಷಿ ಹೇಳಾಕ ಹೊಂಟೀರಿ?"

"ಅದು ಬೇರೆ, ಇದು ಬೇರೆ."

"ಹೌದ್ರೀ, ಕೊತ್ತಂಬರಿ ಇನ್ನೂ ಮನಿಯೊಳಗ ಅದ."

ಆದರೂ ವಡೋದರಾದಲ್ಲಿ ಒಳ್ಳೆಯ ಊಟ ಸಿಗುತ್ತದೆಂದು ಅವಳೂ ಹೊರಟಳು.

ಭಾನುವಾರ ಮಹಡಿ ತುಂಬಿತ್ತು. ತಲೆಗೆ ಹಸಿರು, ನೇರಳೆ ಬಣ್ಣ ಬಳಿದುಕೊಂಡ ಮಕ್ಕಳೆಲ್ಲ ಶಿಸ್ತಾಗಿ ಸಾಲಿನಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದರು. ವಾಸು ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡ. ಅವನ ತಲೆಯಲ್ಲಿ ಒಂದೂ ಕೂದಲಿಲ್ಲ. ಉದ್ದಿನ ಹಿಟ್ಟು ಈಗ ವಡೆಗೆ ಮಾತ್ರ. ಸೂರತ್ತಿನಲ್ಲಿ ಸೀರೆ ವ್ಯಾಪಾರ ಮಾಡುವ ಹೇಮಂತನೂ ಬಂದಿದ್ದ. ಹೊಟ್ಟೆ ಒಳ್ಳೆಯ ಲಾಭದಲ್ಲಿತ್ತು.

ವಾದ ಶುರುವಾಯಿತು. ಮೊದಲು ವಾಸು ಎದ್ದ. "ಎಂತ ಹಾಡು ಮಾರಾಯ್ರೆ ಅದು? ಬರೀ ನಕ್ಷತ್ರ, ಕಡಲು, ಮಾಯದ ಕುದುರೆ! ಒಂದು ಕಡೆಯಾದ್ರೂ ಮನೆ ಬಾಡಿಗೆ ಉಂಟಾ? ಗ್ಯಾಸ್ ಸಿಲಿಂಡರ್ ಉಂಟಾ? ಸಿಟ್ಟು ಬರದವನ ಹಾಡು ಹಾಡೇ ಅಲ್ಲ" ಎಂದ. ಹುಡುಗರಿಗೆ ಅದನ್ನು ಹಿಂದಿಯಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸಿದ. ಗಿಟಾರಿನ ಹುಡುಗಿ, "ಅವರು ಅಷ್ಟು ಬೋರ್ ಹೊಡೆಸದಿದ್ದರೆ ಪಂಕ್ ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಅವರೇ ಪಂಕಿಗೆ ತಾಯಿ" ಎಂದಳು. ಇನ್ನೊಬ್ಬಳು ಚೆನ್ನಾಗಿ ನುಡಿಸುವುದೇ ಒಂದು ಅಹಂಕಾರವೆಂದಳು. ಹೇಮಂತ ಮಧ್ಯಮಮಾರ್ಗಿ. "ಅರೆ ಯಾರ್, ಮೊದಲ ಎರಡು ರೆಕಾರ್ಡು ಚೆನ್ನಾಗಿದ್ದವು. ನಿಲುವಂಗಿಯವನು ಬಂದ ಮೇಲೆ ಕೆಟ್ಟಿತು" ಎಂದ. ಮೂಗಿನ ಪಿನ್ನಿನ ಹುಡುಗ ಎರಡೂ ಪಕ್ಷಕ್ಕೆ ತಲೆಯಾಡಿಸುತ್ತಿದ್ದ; ಅವನ ಮೊಬೈಲಿನಲ್ಲಿ ಮಹಾಬ್ಯಾಂಡಿನ ಎಲ್ಲ ಹಾಡುಗಳೂ ಇವೆಯೆಂಬ ಗುಮಾನಿ ಇತ್ತು.

ಮೈತ್ರಿ ನನ್ನತ್ತ ನೋಡಿದಳು. ನಾನೆದ್ದೆ. ಸೇತುವೆ, ಸಂಜೆ, ಮೊಸಳೆ ಎಲ್ಲವನ್ನೂ ಹಿಂದಿಯಲ್ಲಿ ವರ್ಣಿಸಿದೆ. ಈ ಸಲ ಮೊಸಳೆ ಕ್ಯಾಸೆಟ್ಟನ್ನು ನುಂಗಿ, ರುಚಿ ಹಿಡಿಸದೆ ಉಗಿಯಿತು. ಮಕ್ಕಳು ಮೇಜು ಗುದ್ದಿದರು. ಮೈತ್ರಿಯ ಮುಖ ಬೆಳಗಿತು. ಅಲ್ಲಿಗೇ ಕೂತುಬಿಡಬೇಕಿತ್ತು!

"ಬೇಕಾದರೆ ಈ ಇಬ್ಬರನ್ನೂ ಕೇಳಿ. ಪ್ರತ್ಯಕ್ಷ ಸಾಕ್ಷಿಗಳು!" ಎಂದೆ.

ವಾಸು ತಲೆ ಕೆರೆದುಕೊಂಡ. "ಪ್ರಸನ್ನ, ಎಸೆದದ್ದು ನಾನಲ್ವನಾ?"

"ನೀನಾ?"

"ಹೌದು ಮಾರಾಯ. ಕ್ಯಾಸೆಟ್ ನಿಂದು, ಕೈ ನಂದು."

ಹೇಮಂತ ನಕ್ಕ. "ಇಬ್ಬರೂ ಅಲ್ಲ, ಎಸೆದದ್ದು ನಾನು. ಇವನು ಅಯ್ಯೋ ಅಂತ ಕಿರುಚಿ ದಡಕ್ಕಿಳಿದ. ಮೊಸಳೆ ಇದೆ ಅಂದರೂ ಕೇಳಲಿಲ್ಲ. ಕೆಸರಲ್ಲಿ ಮೊಣಕಾಲವರೆಗೆ ಹೂತುಕೊಂಡು ಕ್ಯಾಸೆಟ್ಟು ಎತ್ತಿಕೊಂಡು ಬಂದ. ಅಂಗಿಯಲ್ಲಿ ಒರೆಸಿದ!"

ಮೈತ್ರಿ ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ ನೆನೆದೆ. ವಿಚಿತ್ರವೆಂದರೆ, ಹೇಮಂತ ಹೇಳಿದ ಮೇಲೆ ಕೆಸರೂ ನೆನಪಿಗೆ ಬರತೊಡಗಿತು! ಆದರೆ ವಾಸು ಹೇಳಿದಾಗ ವಾಸುವಿನ ಕೈಯೂ ನೆನಪಿಗೆ ಬಂದಿತ್ತಲ್ಲ? ಇದಕ್ಕೇ ನಾನು ಹೇಳುವುದು, ನೆನಪನ್ನು ನಂಬಬಾರದು. ವಿಜ್ಞಾನವೊಂದೇ ದಾರಿ.

"ಮೂವರು, ಮೂರು ಕತೆ. ಯಾವುದಕ್ಕೂ ಪುರಾವೆ ಇಲ್ಲ. ಪರೀಕ್ಷೆಯಾಗಲಿ! ಆ ಕ್ಯಾಸೆಟ್ಟಿನ ಹಾಡು ಹಾಕಿ. ಮುಂದೇನು ಬರುತ್ತದೆಂದು ನನಗೆ ಗೊತ್ತಿದ್ದರೆ ತಾನೇ ನಾನು ಕೇಳಿದ್ದೇನೆ ಅನ್ನುವುದು?" ಎಂದು ಗುಡುಗಿದೆ.

ಮೂಗಿನ ಪಿನ್ನಿನ ಹುಡುಗ ಕ್ಷಣಮಾತ್ರದಲ್ಲಿ ಹಾಡು ಹಚ್ಚಿದ. ಗುಮಾನಿ ನಿಜವಾಗಿತ್ತು.

ನಾನು ಮೈತ್ರಿಯ ಪಕ್ಕ ಕೂತೆ. ಮುಖದಲ್ಲಿ ತಿರಸ್ಕಾರ ಧರಿಸಿದೆ. ಎರಡು ಮೂರು ನಿಮಿಷ ಮೋಡ, ಗಾಳಿ, ಗಂಟೆ. ಪಂಕ್ ಹಾಡಾಗಿದ್ದರೆ ಇಷ್ಟರಲ್ಲಿ ಮುಗಿದಿರುತ್ತಿತ್ತು. ಆಮೇಲೆ ಡ್ರಮ್ಮು ಬಂತು. ಆಮೇಲೇನಾಯಿತೋ ನನಗೆ ತಿಳಿಯದು. ಇಲ್ಲಿಂದ ಮುಂದಿನದು ಪ್ರತ್ಯಕ್ಷದರ್ಶಿಗಳು ಹೇಳಿದ್ದು.

ನಾನು ಮೈಸೂರಿನವನು. ಚಿಕ್ಕಂದಿನಲ್ಲಿ ಅಜ್ಜನ ಪಕ್ಕ ಕೂತು ಅದೆಷ್ಟು ಕಚೇರಿ ಕೇಳಿದ್ದೇನೋ. ನಮ್ಮ ಕಡೆ ಸಂಗೀತ ಕೇಳುವುದೆಂದರೆ ತೊಡೆ ತಟ್ಟಿಕೊಂಡು ಕೇಳುವುದು. ಹಾಡುವವರು ತಾಳ ತಪ್ಪಿದರೂ ಕೇಳುವವರು ತಪ್ಪುವುದಿಲ್ಲ. ಮಹಾಬ್ಯಾಂಡಿನ ಆ ಹಾಡು ಏಳು ಪೆಟ್ಟಿನದು. ನಮ್ಮ ಮಿಶ್ರಛಾಪು ತಾಳ! ತಕಿಟ ತಕಧಿಮಿ, ತಕಿಟ ತಕಧಿಮಿ. ನನ್ನ ಬಲಗೈ ನನ್ನನ್ನು ಕೇಳದೆ ತೊಡೆಯ ಮೇಲೆ ಅದನ್ನು ಹಾಕತೊಡಗಿತಂತೆ.

ಇಷ್ಟೇ ಆಗಿದ್ದರೆ ಬಚಾವಾಗುತ್ತಿದ್ದೆ. ಹಾಡಿನ ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತುಬಿಡುತ್ತವೆ. ಪೂರ್ಣ ಮೌನ. ಹಾಡು ಮುಗಿಯಿತೆಂದು ಎಲ್ಲರೂ ನಿಟ್ಟುಸಿರುಬಿಟ್ಟರು. ವಾಸು ಕಾಫಿ ತರಲು ಎದ್ದ. ನನ್ನ ಕೈ ಮಾತ್ರ ಆ ಮೌನದಲ್ಲೂ ತಟ್ಟುತ್ತಲೇ ಇತ್ತು. ಕೊನೆಗೆ ಗಾಳಿಯಲ್ಲಿ ಮೇಲೆದ್ದಿತು, ತಡೆಯಿತು, ಧೊಪ್ಪೆಂದು ಬಿದ್ದಿತು. ಸರಿಯಾಗಿ ಅದೇ ಕ್ಷಣಕ್ಕೆ ಡ್ರಮ್ಮಿನ ಪೆಟ್ಟೂ ಬಿದ್ದಿತು! ಕೂದಲೆಳೆಯಷ್ಟೂ ಆಚೀಚೆಯಿಲ್ಲ.

"ಶಭಾಷ್!" ಎಂದು ಯಾರೋ ಕೂಗಿದರು.

ನಾನೇ.

ಕಣ್ಣು ತೆರೆದರೆ ಹಾಡು ನಿಂತಿತ್ತು. ಹಸಿರು, ನೇರಳೆ ತಲೆಗಳೆಲ್ಲ ನನ್ನ ಕಡೆ ತಿರುಗಿದ್ದವು. ಮೈತ್ರಿ ಮೆಲ್ಲಗೆ ಕೇಳಿದಳು. "ಪಪ್ಪಾ, ಇದು ನೀವು ಒಂದ್ಸಲನೂ ಪೂರಾ ಕೇಳಿಲ್ವಾ?"

"ಇಲ್ಲ. ಅಂದರೆ, ನೆನಪಿಲ್ಲ. ಇದು ಬರೀ ಕಾಕತಾಳೀಯ."

ಕೈ ಇನ್ನೂ ತಟ್ಟುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದೆ. ಎಡಗೈ ತಟ್ಟತೊಡಗಿತು!

ಅಲ್ಲಿಯವರೆಗೆ ಮೂಲೆಯಲ್ಲಿ ಮಸಾಲೆದೋಸೆ ತಿನ್ನುತ್ತಿದ್ದ ಶಾಲಿನಿ ಆಗ ತಲೆಯೆತ್ತಿದಳು. "ಅಯ್ಯ, ಇದು ಇವರು ದಿನಾ ಬಚ್ಚಲದಾಗ ಹಾಡೂ ಹಾಡಲ್ಲೇನು! ಲಗ್ನ ಆದಾಗಿಂದ ಕೇಳಾಕ ಹತ್ತೀನಿ. ನಾ ಯಾವುದೋ ದೇವರನಾಮ ಅಂತ ತಿಳಕೊಂಡಿದ್ದೆ!"

ವಾಸು ಅದನ್ನು ಹಿಂದಿಗೆ ಅನುವಾದಿಸಿದ. ಅದರ ಅಗತ್ಯವಿರಲಿಲ್ಲ. ನಗು ತಡೆಯಲಾರದೆ ಹೇಮಂತ ಕುರ್ಚಿಯಿಂದ ಜಾರಿದ. ಗಿಟಾರಿನ ಹುಡುಗಿ ಬಂದು ನನ್ನ ಕೈ ಕುಲುಕಿದಳು. ಅವಳ ಪಕ್ಷ ಗೆದ್ದಿತ್ತು. ಪುರಾವೆ ಎಲ್ಲಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನನ್ನದೇ ಎರಡು ಕೈ ಎದುರುಪಕ್ಷ ಸೇರಿದ್ದವು.

ಮರಳುವ ದಾರಿಯಲ್ಲಿ ಮೈತ್ರಿ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಯಾರದೋ ಫೋನು ಬಂತು. "ಅರೆ ನಹೀ ಯಾರ್," ಎಂದಳು ಸಣ್ಣ ದನಿಯಲ್ಲಿ, "ಪಪ್ಪಾ ತೋ ನಾರ್ಮಲ್ ನಿಕ್ಲೇ." ಅಂದರೆ, ಮಾಮೂಲಿ ಅಪ್ಪ. ಸ್ಟೀರಿಂಗ್ ಹಿಡಿದ ನಾನು ತಿರುವು ತಪ್ಪಿ ಮುಂದೆ ಹೋಗಿಬಿಟ್ಟೆ. ಪಂಕ್ ಪದವಿ ಹೋದದ್ದಕ್ಕಲ್ಲ. ಆ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಮುಂದಿನ ಶನಿವಾರ ಮೈತ್ರಿ ಡ್ರಮ್ಮಿನ ಕೋಲು ಹಿಡಿದು ನನ್ನ ಕೋಣೆಗೆ ಬಂದಳು. ಮಗಳ ಬ್ಯಾಂಡು ರಾಜಿಯಾಗಿತ್ತಂತೆ. ಆ ಉದ್ದದ ಹಾಡನ್ನೇ ಎರಡು ನಿಮಿಷಕ್ಕೆ ಹಿಂಡಿ, ಕಿರುಚಿ ಹಾಡುವುದಂತೆ. ಆದರೆ ಆ ಏಳು ಪೆಟ್ಟು ಇವಳ ಕೈಗೆ ಹತ್ತುತ್ತಿಲ್ಲ.

"ಪಪ್ಪಾ, ಕಲಿಸ್ತೀರಾ?"

ನನ್ನ ಎದೆ ಉಬ್ಬಿತು! ಪದ್ಮಾಸನ ಹಾಕಿ ಕೂತೆ. ಮಿಶ್ರಛಾಪಿನ ಇತಿಹಾಸ, ಗಣಿತ, ಏಳು ಎಂಬ ಸಂಖ್ಯೆಯ ವೈಶಿಷ್ಟ್ಯ ಎಲ್ಲ ವಿವರಿಸಿ, ಗಂಭೀರವಾಗಿ ತೊಡೆ ತಟ್ಟಿದೆ.

"ಪಪ್ಪಾ, ಅದು ಆರು."

ಮತ್ತೆ ತಟ್ಟಿದೆ.

"ಈಗ ಎಂಟು."

ಎಷ್ಟು ಗಮನ ಕೊಟ್ಟರೆ ಅಷ್ಟು ತಪ್ಪು. ಬೆವರಿಬಿಟ್ಟೆ. ಅಡುಗೆಮನೆಯಿಂದ ಶಾಲಿನಿ ಕೂಗಿದಳು. "ಮೈತ್ರಿ, ಅವರಿಗೆ ತಲಿ ಓಡಸಾಕ ಬಿಡಬ್ಯಾಡ. ಕೈಯಾಗ ಒಂದು ಪೇಪರ್ ಕೊಡು. ಕೈ ತಾನ ಬಡಿತದ!"

ಹಾಗೇ ಆಯಿತು. ಮೈತ್ರಿ ಆ ಹಾಡು ಸಣ್ಣಗೆ ಹಚ್ಚಿದಳು, ನಾನು ಪೇಪರ್ ಬಿಡಿಸಿದೆ, ಕೈ ಚಿನ್ನದಂಥ ಏಳು ಹಾಕತೊಡಗಿತು. ಈಗ ದಿನಾ ಸಂಜೆ ನನ್ನ ಪಕ್ಕ ಕೂತು ಮಗಳು ಅಭ್ಯಾಸ ಮಾಡುತ್ತಾಳೆ. ನನ್ನ ಕೈಯನ್ನೇ ಕಣ್ಣಿಟ್ಟು ನೋಡುತ್ತಾಳೆ. ಮುಖ ನೋಡುವುದಿಲ್ಲ.

ಮೊದಮೊದಲು ಒಂದು ತೊಡಕಿತ್ತು. ಇಂಗ್ಲಿಷ್ ಪೇಪರಿನಲ್ಲಿ ಯಾವುದಾದರೂ ಸುದ್ದಿ ಓದಿ, ಇದು ನಿಜವಿರಬಹುದೇ ಎಂದು ನಾನು ಸಂಶಯಪಡುತ್ತಿದ್ದಂತೆ ತಾಳ ಕೆಡುತ್ತಿತ್ತು. "ಪಪ್ಪಾ, ಮತ್ತೆ ಯೋಚ್ನೆ ಮಾಡ್ತಿದ್ದೀರಿ!" ಎಂದು ಮಗಳು ಗದರುತ್ತಿದ್ದಳು. ಅದಕ್ಕೆ ಶಾಲಿನಿ ಪರಿಹಾರ ಕಂಡುಹಿಡಿದಿದ್ದಾಳೆ. ಇಷ್ಟು ವರ್ಷ ಗುಜರಾತಿನಲ್ಲಿದ್ದರೂ ನನಗೆ ಗುಜರಾತಿ ಮಾತಾಡಲು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ.

ಒಂದನೇ ತಾರೀಖಿನಿಂದ ನಮ್ಮ ಮನೆಗೆ ಗುಜರಾತಿ ಪೇಪರ್ ಬರುತ್ತಿದೆ.