ಮೂರು ಕೆಜಿ ಮೀರದ ಟೆಂಟು

ಕಂಬಿ ಬಿಟ್ಟು

"ಎರಡೂವರೆ ಕೆಜಿ ಸಾರ್," ಎಂದ ಅಂಗಡಿಯವನು.

ನಾನು ಜೇಬಿನಿಂದ ಕೊಕ್ಕೆ ತ್ರಾಸು ತೆಗೆದೆ. ಹಳೇ ಪೇಪರಿನವನ ತೂಕ ನಂಬದೆ ಕೊಂಡಿದ್ದು. ಟೆಂಟಿನ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿದೆ. ಮೂರು ಕೆಜಿ ನಾನೂರು ಗ್ರಾಂ.

ನನಗೆ ಮೂರು ಕೆಜಿ ಮೀರುವಂತಿರಲಿಲ್ಲ. ಆ ವರ್ಷ ಹರ್ನಿಯಾ ಆಪರೇಷನ್ ಆಗಿತ್ತು. ಅದಕ್ಕಿಂತ ಹೆಚ್ಚು ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ನನ್ನ ಸೊಸೆ ಶಾಲೆಯೊಂದರಲ್ಲಿ ಪಿ.ಟಿ. ಮೇಡಂ. ದಸರಾ ರಜೆಯಲ್ಲಿ ಬೆಟ್ಟ ಹತ್ತಿ ಒಂದು ರಾತ್ರಿ ಅಲ್ಲೇ ಟೆಂಟಿನಲ್ಲಿ ಉಳಿಯೋಣ ಎಂದಿದ್ದಳು. ಅವಳು, ಒಂಬತ್ತು ವರ್ಷದ ಮೊಮ್ಮಗಳು, ನನ್ನ ಹೆಂಡತಿ, ನಾನು. ಮಗನಿಗೆ ಬೆಟ್ಟ ಕಂಡರಾಗದು. ಮನೆ ಕಾಯುತ್ತೇನೆ ಎಂದ.

ಸೊಸೆಯದು ಒಂದೇ ನಿಯಮ. ಏನೂ ಹೊರದವರು ಬರುವ ಹಾಗಿಲ್ಲ. ಹಿಂದಿನ ಸಲ ಅವಳ ತಮ್ಮ ಕೈಬೀಸಿಕೊಂಡು ಬಂದು ಎಲ್ಲರ ನೀರನ್ನೂ ಕುಡಿದಿದ್ದ. ಹಾಗಾಗಿ ಪಟ್ಟಿ ಆಯಿತು. ಅಡುಗೆ ಸಾಮಾನು ಅವಳಿಗೆ. ಹೊದಿಕೆ ನನ್ನ ಹೆಂಡತಿಗೆ. ಟಾರ್ಚು, ಬಿಸ್ಕತ್ತು ಮೊಮ್ಮಗಳಿಗೆ. ಟೆಂಟು ನನಗೆ. ಅದು ಮೂರು ಕೆಜಿ ಮೀರಿದರೆ ನಾನೂ ಮಗನ ಜೊತೆ ಮನೆ ಕಾಯಬೇಕು.

ನನಗೆ ಹೋಗಬೇಕಿತ್ತು. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ನನ್ನ ಆಯುಷ್ಯ ಕಳೆದಿತ್ತು.

"ಎರಡೂವರೆ ಅಂದ್ರಲ್ಲ," ಎಂದು ತ್ರಾಸು ತೋರಿಸಿದೆ.

"ಎರಡೂವರೆನೇ ಸಾರ್. ಚೀಲ, ಗೂಟ, ಹಗ್ಗ, ಕಂಬಿ ಬಿಟ್ಟು."

"ಕಂಬಿ ಬಿಟ್ಟರೆ ನಿಲ್ಲುತ್ತಾ?"

"ನಿಲ್ಲಲ್ಲ ಸಾರ್. ಆದ್ರೆ ಎರಡೂವರೆ."

ಎಂಥ ನಾಲ್ಕು ಜನ

ಟೆಂಟಿನ ಮೇಲೆ ನಾಲ್ಕು ಜನಕ್ಕೆ ಎಂದು ಬರೆದಿತ್ತು. ಬರೆದದ್ದನ್ನು ಅಳೆದು ನೋಡದೆ ಒಪ್ಪುವುದು ನನ್ನ ಅಭ್ಯಾಸವಲ್ಲ. ಅಂಗಡಿಯ ನಡುವೆ ಟೆಂಟು ನಿಲ್ಲಿಸಿ ಎಂದೆ. ನಿಲ್ಲಿಸಿದ. ಬೆಟ್ಟಕ್ಕೆ ಹೊರಟ ನಾಲ್ವರೂ ಅಂಗಡಿಗೆ ಬಂದಿದ್ದೆವು. ಚಪ್ಪಲಿ ಬಿಟ್ಟು ಒಳಗೆ ಹೋದೆವು.

ಹೆಂಡತಿ ಮಲಗಲಿಲ್ಲ. "ಉತ್ತರ ಯಾವ ಕಡೆ?" ಎಂದಳು.

"ಅಂಗಡಿಯಲ್ಲಿ ಯಾವ ಕಡೆ ಆದರೇನು?"

"ಉತ್ತರಕ್ಕೆ ತಲೆ ಹಾಕ್ಬಾರ್ದು ಕಣ್ರೀ. ಅಂಗಡಿಗೆ ಬೇರೆ ಉತ್ತರ ಇರುತ್ತಾ?"

ಅಂಗಡಿಯವನು ಮೊಬೈಲಿನಲ್ಲಿ ದಿಕ್ಕು ನೋಡಿದ. ನಮ್ಮನ್ನು ಹೊರಗೆ ಕರೆದ. ಟೆಂಟು ತಿರುಗಿಸಿದ. ಮತ್ತೆ ಒಳಗೆ ಹೋದೆವು.

ಈಗ ಯಾರ ಪಕ್ಕ ಯಾರು ಎಂಬ ಪ್ರಶ್ನೆ. ಸೊಸೆ ಮಾವನ ಪಕ್ಕ ಮಲಗುವ ಹಾಗಿಲ್ಲ. ಮೊಮ್ಮಗಳಿಗೆ ತಾತನ ಪಕ್ಕವೇ ಬೇಕು. ಹೆಂಡತಿಗೆ ಬಾಗಿಲ ಪಕ್ಕ ಬೇಕು, ರಾತ್ರಿ ಎರಡು ಸಲ ಏಳುತ್ತಾಳೆ. ಬಾಗಿಲು ನನ್ನ ಕಡೆಗಿತ್ತು. ನಾನು ಬಿಟ್ಟುಕೊಡಲಿಲ್ಲ. ಹೆಂಡತಿಯೂ ಬಿಡಲಿಲ್ಲ. ರೇನ್‌ಕೋಟು ಕೊಳ್ಳಲು ಬಂದಿದ್ದವರೊಬ್ಬರು ಬಗ್ಗಿ ನೋಡಿ, "ಯಜಮಾನ್ರನ್ನ ಅಡ್ಡ ಮಲಗಿಸಿ ಅಮ್ಮ," ಎಂದರು. ಅಡ್ಡ ಮಲಗಿ ನೋಡಿದೆ. ಕಾಲು ಹೊರಗೆ ಬಂತು.

ನಾನು ತಲೆ ಹೊರಗೆ ಹಾಕಿ ಅಂಗಡಿಯವನನ್ನು ಕೇಳಿದೆ: "ಎಂಥ ನಾಲ್ಕು ಜನಕ್ಕೆ ಇದು?"

"ಜಗಳ ಆಡದ ನಾಲ್ಕು ಜನಕ್ಕೆ ಸಾರ್."

ಇನ್ನೊಂದು ಫ್ಲೋರ್

ಸೊಸೆಗೆ ಅದರ ಬಣ್ಣ ಹಿಡಿಸಿತ್ತು. "ನಾನೂರು ಗ್ರಾಂ ಜಾಸ್ತಿ ಆಯ್ತಲ್ಲ ಮಾವ," ಎಂದು ಮುಖ ಸಣ್ಣ ಮಾಡಿದಳು.

"ಇಳಿಸ್ತೀನಿ," ಎಂದೆ. ಕೊಂಡೆವು.

ನನ್ನ ಜೊತೆ ಟೂಲ್ ರೂಮಿನಲ್ಲಿದ್ದ ಗೆಳೆಯನೊಬ್ಬ ನಿವೃತ್ತಿಯಾದ ಮೇಲೆ ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಶೆಡ್ ಹಾಕಿದ್ದ. ಒಂದು ಲೇತು, ಒಂದು ಡ್ರಿಲ್ಲು. ಟೆಂಟಿನ ಕಂಬಿಗಳನ್ನು ಅವನ ಮುಂದಿಟ್ಟೆ.

"ನಾನೂರು ಗ್ರಾಂ ತಾನೇ? ತೂತು ಹೊಡಿ ಗುರು. ವಿಮಾನಕ್ಕೂ ಹಂಗೇ ಮಾಡೋದು," ಎಂದ.

ಮಧ್ಯಾಹ್ನವೆಲ್ಲ ತೂತು ಹೊಡೆದೆವು. ಕೊಳಲಿನ ಅಂಗಡಿ ಇಡುವಷ್ಟು ಆಯಿತು. ತೂಗಿದೆವು. ನಲವತ್ತು ಗ್ರಾಂ ಇಳಿದಿತ್ತು. ಒಂದು ಕಂಬಿ ಬಗ್ಗಿಸಿ ನೋಡಿದೆ. ತೂತಿನ ಹತ್ತಿರ ಮುರಿಯಿತು.

"ತೋಳು ಹಾಕೋಣ," ಎಂದ ಗೆಳೆಯ. ಮುರಿದ ಜಾಗಕ್ಕೆ ಮೇಲಿಂದ ತೊಡಿಸುವ ಗಟ್ಟಿ ಕೊಳವೆ. ಹಿತ್ತಾಳೆಯಲ್ಲಿ ಕಡೆದ. ಅದು ಎಷ್ಟು ಚೆನ್ನಾಗಿ ಕೂತಿತು ಎಂದರೆ, ಮುರಿಯದ ಕಡೆಗೂ ಹಾಕೋಣ ಎಂದು ನಾನೇ ಹೇಳಿದೆ. ಎಲ್ಲ ತೂತಿಗೂ ಒಂದೊಂದು ಹಾಕಿದೆವು. ಕೂದಲೆಳೆ ಸಂದು ಇರಲಿಲ್ಲ. ಇಬ್ಬರಿಗೂ ಬಹಳ ದಿನದ ಮೇಲೆ ಸಂತೋಷವಾಗಿತ್ತು.

ಆಮೇಲೆ ತೂಗಿದೆವು. ನಾಲ್ಕು ಕೆಜಿ ನೂರು ಗ್ರಾಂ.

"ಸೊಸೆಗೆ ಏನು ಹೇಳಲಿ?"

ಗೆಳೆಯ ಕಂಬಿಯನ್ನು ನೆಲಕ್ಕೆ ಕುಟ್ಟಿ ನೋಡಿದ. "ಇದರ ಮೇಲೆ ಇನ್ನೊಂದು ಫ್ಲೋರ್ ಏರಿಸಿ ಬಾಡಿಗೆಗೆ ಬಿಡಬೋದು ಅಂತ ಹೇಳು," ಎಂದ.

ಕಿಟಕಿ

ಬಾಡಿಗೆಗೆ ಕೇಳಿಕೊಂಡು ಒಬ್ಬ ಬಂದೇ ಬಂದ.

ನಮ್ಮದು ರಾಜಗೋಪಾಲನಗರ. ಅಲ್ಲಿ ಮಹಡಿಯ ಮೇಲೆ ಏನೇ ಎದ್ದರೂ ಅದು ಬಾಡಿಗೆ ಮನೆಯೇ. ಟೆಂಟನ್ನು ಮಹಡಿಯಲ್ಲಿ ನಿಲ್ಲಿಸಿ ನೋಡುತ್ತಿದ್ದೆ. ಮೂರನೇ ದಿನ ಕೆಳಗಿನಿಂದ ಯಾರೋ ಕೂಗಿದರು. ಗಾರೆ ಕೆಲಸದವನು. ಬಾಗಲಕೋಟೆ ಕಡೆಯವನಂತೆ. ಮೇಲೆ ಬಂದ.

"ರೂಮ್ ಖಾಲಿ ಐತೇನ್ರಿ ಯಜಮಾನ್ರ?"

"ರೂಮಲ್ಲ. ಟೆಂಟು."

"ಅದ ರೀ. ಖಾಲಿ ಐತೇನು?"

"ಬೆಟ್ಟಕ್ಕೆ ತಗೊಂಡು ಹೋಗೋದು ಇದು."

"ಯಾವಾಗ ಹೊಕ್ಕೀರಿ?"

"ದಸರಾಕ್ಕೆ."

"ಅಲ್ಲೀತನಕ ಇರ್ತೀನಲ್ರಿ." ಬಗ್ಗಿ ಒಳಗೆ ಹೋದ. ಜಿಪ್ಪು ಎಳೆದು ಹಾಕಿಕೊಂಡ. ತೆಗೆದ. ಮತ್ತೆ ಹಾಕಿಕೊಂಡ. "ಬಾಗಲಾ ಛಲೋ ಐತ್ರಿ," ಎಂದು ಒಳಗಿನಿಂದಲೇ ಹೇಳಿದ.

"ಅಯ್ಯಾ, ಬಟ್ಟೆ ಕಣಯ್ಯ ಇದು. ಇದರಲ್ಲಿ ಹೇಗೆ ಇರ್ತೀಯಾ?"

"ನಾ ಈಗ ಇರೂ ರೂಮಿಗೆ ಕಿಡಕಿನೂ ಇಲ್ರಿ. ಇದಕ್ಕ ಎರಡದಾವು."

ಅವನನ್ನು ಹೊರಗೆ ಕರೆಸಲು ಹೆಂಡತಿ ಕಾಫಿ ಮಾಡಬೇಕಾಯಿತು. ಆ ಟೆಂಟು ಮಹಡಿಯಲ್ಲೇ ಉಳಿಯಿತು. ಕಾಗೆ ಒಳಗೆ ಬರುವುದಿಲ್ಲ ಎಂದು ಹೆಂಡತಿ ಅದರಲ್ಲಿ ಸಂಡಿಗೆ ಒಣಗಿಸಿದಳು.

ಖಾಲಿ ಡಬ್ಬ

ಸೊಸೆ ಈ ಸಲ ನನ್ನನ್ನು ಕೇಳಲಿಲ್ಲ. ಮೊಬೈಲಿನಲ್ಲಿ ಬೇರೆ ಟೆಂಟು ತರಿಸಿದಳು.

ಕೊರಿಯರಿನವನು ಬಂದಾಗ ಮನೆಯಲ್ಲಿ ನಾನೊಬ್ಬನೇ. ಡಬ್ಬ ಕೈಗೆ ಕೊಟ್ಟ. ಎತ್ತಿ ನೋಡಿದೆ. ಅಲ್ಲಾಡಿಸಿದೆ.

"ಒಳಗೆ ಏನೂ ಇಲ್ಲ. ಮೋಸ. ವಾಪಸ್ ತಗೊಂಡು ಹೋಗು," ಎಂದೆ.

"ಸಾರ್, ಟೆಂಟ್ ಅಂತ ಬರೆದಿದೆ."

"ಟೆಂಟು ನಾನು ನೋಡಿದ್ದೀನಿ. ಹೋಗು."

ಸಂಜೆ ಸೊಸೆ ಕೇಳಿದಳು. ಹೇಳಿದೆ. ಅವಳು ನನ್ನನ್ನೂ ಮಹಡಿಯನ್ನೂ ಒಂದು ಸಲ ನೋಡಿದಳು. ಎರಡು ದಿನ ಬಿಟ್ಟು ಅದೇ ಡಬ್ಬ ಮತ್ತೆ ಬಂತು. ಕೊರಿಯರಿನವನು ನನ್ನನ್ನು ಕಂಡು ಗೇಟಿನಿಂದಲೇ ಕೂಗಿದ: "ಮೇಡಂ ಇದ್ದಾರಾ ಸಾರ್?"

ತೂಕ ಕಮ್ಮಿ

ಟೆಂಟು ಹಗುರ ಎಂದು ಹೆಂಡತಿಗೆ ನಂಬಿಕೆ ಬರಲಿಲ್ಲ. ನನ್ನ ತ್ರಾಸಿನ ಮೇಲೂ ನಂಬಿಕೆ ಇಲ್ಲ. "ಡಾಕ್ಟ್ರು ಹೂಂ ಅಂದ್ರೆ ಬನ್ನಿ. ಇಲ್ಲಾಂದ್ರೆ ಮಗನ ಜೊತೆ ಇರಿ," ಎಂದಳು. ಕ್ಲಿನಿಕ್ಕಿಗೆ ಟೆಂಟು ಸಮೇತ ಕರೆದುಕೊಂಡು ಹೋದಳು.

ಡಾಕ್ಟರು ಹೊಲಿಗೆ ನೋಡಿದರು. ಕೆಮ್ಮಿ ಎಂದರು. ಕೆಮ್ಮಿದೆ. ನಿಧಾನವಾಗಿ ಬೆಟ್ಟ ಹತ್ತಬಹುದು, ಭಾರ ಮಾತ್ರ ಮೂರು ಕೆಜಿ ದಾಟಬಾರದು ಎಂದರು. ಹೆಂಡತಿ ಟೆಂಟನ್ನು ಮೇಜಿನ ಮೇಲಿಟ್ಟಳು.

ಅಲ್ಲಿದ್ದದ್ದು ಕೂಸುಗಳನ್ನು ತೂಗುವ ತಕ್ಕಡಿ. ಡಾಕ್ಟರು ಕರೆದರು. ನರ್ಸ್ ಬಂದಳು. ತಕ್ಕಡಿಯ ಮೇಲೆ ಬಟ್ಟೆ ಹಾಸಿದಳು. ಟೆಂಟನ್ನು ಎರಡು ಕೈಯಲ್ಲಿ ಮೆಲ್ಲಗೆ ಮಲಗಿಸಿದಳು. ಮುಳ್ಳು ನಿಲ್ಲುವವರೆಗೆ ಒಂದು ಕೈ ಅದರ ಮೇಲೇ ಇಟ್ಟಿದ್ದಳು.

"ಎರಡು ಕೆಜಿ ನಾನೂರು," ಎಂದಳು. ಅಭ್ಯಾಸ. ಮುಖ ಗಂಭೀರ ಮಾಡಿ ಹೆಂಡತಿಯ ಕಡೆ ತಿರುಗಿದಳು. "ತೂಕ ಕಮ್ಮಿ ಇದೆ ಅಮ್ಮ."

"ಅದಕ್ಕೇ ತಂದಿದ್ದು," ಎಂದೆ.

ದೃಷ್ಟಿ

ಹೊರಡುವ ಹಿಂದಿನ ದಿನ ಆಯುಧ ಪೂಜೆ. ಪೀಣ್ಯದ ಸುತ್ತ ಅವತ್ತು ಕುಂಕುಮ ಬೀಳದ ಕಬ್ಬಿಣ ಇರುವುದಿಲ್ಲ. ನಮ್ಮ ಮನೆಯಲ್ಲಿ ಸ್ಕೂಟರು, ಮಿಕ್ಸಿ, ಟೂಲ್ ರೂಮಿನ ಕಾಲದಿಂದ ನಾನು ಅಳತೆಗೆ ಬಳಸುವ ವರ್ನಿಯರ್, ಕೊಕ್ಕೆ ತ್ರಾಸು. ಹೆಂಡತಿ ಟೆಂಟನ್ನೂ ಬಿಚ್ಚಿ ನಡುಮನೆಯಲ್ಲಿ ನಿಲ್ಲಿಸಿದಳು.

"ಅದು ಆಯುಧ ಅಲ್ಲ," ಎಂದೆ.

"ಇಷ್ಟು ದಿನ ನಿಮ್ಮನ್ನ ಕುಣಿಸಿಲ್ವಾ? ಸುಮ್ನಿರಿ."

ಅರಿಸಿನ ಹಚ್ಚಿದಳು. ಹೂ ಏರಿಸಿದಳು. ಊದಿನ ಕಡ್ಡಿ ಹಿಡಿದು ಟೆಂಟಿನ ಸುತ್ತ ಪ್ರದಕ್ಷಿಣೆ ಹೊರಟಳು. ನಡುಮನೆ ಸಣ್ಣದು. ತಿರುವಿನಲ್ಲಿ ಕಡ್ಡಿ ಬಟ್ಟೆಗೆ ತಾಗಿತು. ಸದ್ದೂ ಇಲ್ಲ, ಹೊಗೆಯೂ ಇಲ್ಲ. ಕಡಲೆ ಗಾತ್ರದ ತೂತು.

ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. ಬೇರೆ ಟೆಂಟು ತರಿಸಲು ಸಮಯವಿರಲಿಲ್ಲ. ಪ್ರವಾಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹೆಂಡತಿ ಗಾಬರಿಯಾಗಲಿಲ್ಲ. "ದೃಷ್ಟಿ ಹೊರಗೆ ಹೋಯ್ತು ಬಿಡಿ," ಎಂದಳು. ಹಣೆಯ ಮೇಲಿದ್ದ ಸ್ಟಿಕ್ಕರ್ ಬಿಂದಿ ಕಿತ್ತು ತೂತಿನ ಮೇಲೆ ಒತ್ತಿದಳು. ಒಳಗಡೆಯಿಂದ ಇನ್ನೊಂದು. ಬಕೆಟ್ಟಿನಿಂದ ನೀರು ಸುರಿದು ನೋಡಿದೆ. ಒಂದು ಹನಿ ಒಳಗೆ ಬರಲಿಲ್ಲ.

ನಾನು ಮತ್ತೆ ತೂಗಿದೆ. ಹೆಂಡತಿಗೆ ಸಿಟ್ಟು ಬಂತು. "ನನ್ನ ಬಿಂದಿನೂ ತೂಗ್ತೀರಾ?"

ಬೆಟ್ಟದ ಮೇಲೆ

ತುಮಕೂರು ದಾರಿಯಲ್ಲಿ ಒಂದು ಬೆಟ್ಟ. ಬೆಳಗ್ಗೆ ಹತ್ತಿದೆವು. ಐದು ಸಲ ಕೂತೆ. ಟೆಂಟನ್ನು ಯಾರೂ ಮುಟ್ಟಲು ಬಿಡಲಿಲ್ಲ.

ಮೇಲೆ ಬರೀ ಬಂಡೆ. ಒಂದೇ ಬಂಡೆ, ಆನೆಯ ಬೆನ್ನಿನ ಹಾಗೆ. ಟೆಂಟು ನಿಲ್ಲಿಸಿದೆವು. ಸೊಸೆ ಗೂಟ ಹೊಡೆಯಲು ಹೋದಳು. ಗೂಟ ಬಗ್ಗಿತು. ಎರಡನೆಯದೂ ಬಗ್ಗಿತು. ಅಷ್ಟರಲ್ಲಿ ಗಾಳಿ ಬಂತು. ಟೆಂಟು ಎದ್ದಿತು. ನಾವು ನೋಡುತ್ತಿದ್ದ ಹಾಗೆಯೇ ಬಂಡೆಯ ಮೇಲೆ ಉರುಳಿಕೊಂಡು ಹೊರಟಿತು.

"ತಾತಾ, ಟೆಂಟ್ ಹೋಗ್ತಿದೆ!" ಎಂದಳು ಮೊಮ್ಮಗಳು.

ಸೊಸೆ ಓಡಿದಳು. ಪಿ.ಟಿ. ಮೇಡಂ ಆದ್ದರಿಂದ ಸಿಕ್ಕಿತು. ಲಂಟಾನದ ಪೊದೆಯೊಂದು ಹಿಡಿದುಕೊಂಡಿತ್ತು.

ಕಲ್ಲು ಹೇರೋಣ ಎಂದರೆ ಬಂಡೆಯ ಮೇಲೆ ಬಿಡಿ ಕಲ್ಲಿಲ್ಲ. ಬ್ಯಾಗುಗಳನ್ನು ಒಳಗಿಟ್ಟೆವು. ಬ್ಯಾಗು ಸಮೇತ ಟೆಂಟು ಜರುಗಿತು. ಸೊಸೆ ಎಲ್ಲ ಬ್ಯಾಗನ್ನೂ ಸೋಸಿ ಸೋಸಿ ಹಗುರ ಮಾಡಿದ್ದಳು. ಮೊಮ್ಮಗಳನ್ನು ಕೂರಿಸಿದೆವು. ಅವಳ ಕಡೆಯ ಅರ್ಧ ನಿಂತಿತು, ಉಳಿದರ್ಧ ಎದ್ದಿತು. ಸೊಸೆಯೂ ಹೆಂಡತಿಯೂ ನನ್ನ ಕಡೆ ತಿರುಗಿದರು.

"ನೀವೆಷ್ಟು ತೂಕ?" ಎಂದು ಕೇಳಿದಳು ಹೆಂಡತಿ.

"ಎಪ್ಪತ್ತೆಂಟು."

"ಒಳಗೆ ಕೂತ್ಕೊಳ್ಳಿ."

ಕೂತೆ. ಟೆಂಟು ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೆಳಗಿನ ಕೆರೆ ನೋಡೋಣ ಎಂದು ಹೊರಗೆ ಬಂದೆ. ಹಿಂದಿನಿಂದ ಟೆಂಟು ಎದ್ದಿತು. "ಮಾವ, ಒಳಗೆ!" ಎಂದು ಸೊಸೆ ಕ್ಲಾಸಿನಲ್ಲಿ ಕೂಗುವ ಹಾಗೆ ಕೂಗಿದಳು. ಒಳಗೆ ಹೋದೆ. ಊಟ ಅಲ್ಲಿಗೇ ಬಂತು. ಕಾಫಿಯೂ ಬಂತು. ಬೆಟ್ಟ ಹತ್ತಿ ಬಂದ ಬೇರೆ ಯಾರೋ ಬಗ್ಗಿ ನೋಡಿ, "ಯಜಮಾನ್ರಿಗೆ ಹುಷಾರಿಲ್ವಾ ಪುಟ್ಟಿ?" ಎಂದು ಕೇಳಿದರು.

"ಚೆನ್ನಾಗಿದ್ದಾರೆ," ಎಂದಳು ಮೊಮ್ಮಗಳು. "ಡ್ಯೂಟಿ ಮೇಲಿದ್ದಾರೆ."

ಗಾಳಿ ಸಂಜೆ ಆರಕ್ಕೆ ನಿಂತಿತು. ಅಲ್ಲಿಯವರೆಗೆ ಒಳಗೇ ಕೂತಿದ್ದೆ. ಬೆಟ್ಟದ ಮೇಲಿನಿಂದ ಏನೇನು ಕಾಣುತ್ತದೆ ಎಂದು ಮೊಮ್ಮಗಳು ಆಗಾಗ ಬಂದು ಹೇಳಿ ಹೋದಳು.