ಐದನೆಯ ನಟ್ಟು

ಅಂದು ಬೆಳಿಗ್ಗೆ ಒಂಬತ್ತೂಕಾಲಿಗೆ ನಾನು ಅಂಗಿಯ ತೋಳು ಮಡಚಿ, ಎದುರುಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಘೋಷಿಸಿದೆ: "ಹತ್ತೇ ನಿಮಿಷ. ಒಂದು ಚಕ್ರ ಬದಲಾಯಿಸೋಕೆ ಮೆಕ್ಯಾನಿಕ್‌ನ ಕರೆಸೋ ಗಂಡಸರ ಪೈಕಿ ನಾನಲ್ಲ!"

ಹೆಂಡತಿ ನನ್ನ ಮುಖ ನೋಡಲಿಲ್ಲ, ಗಡಿಯಾರ ನೋಡಿದಳು. ನಾನು ಘೋಷಣೆ ಮಾಡುವಾಗ ಗಡಿಯಾರ ನೋಡುವುದೇ ಹೆಚ್ಚು ಉಪಯುಕ್ತ ಎಂಬುದು ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ಅವಳು ಕಂಡುಕೊಂಡ ಸತ್ಯ.

ಅವಳು ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಹನ್ನೆರಡು ಕಿಲೋಮೀಟರ್ ದೂರದ ಪಕ್ಕದ ಊರಿನಲ್ಲಿ. ಹತ್ತೂವರೆಗೆ ಅಲ್ಲಿಗೆ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಬರುವವರಿದ್ದರು. ಅವರ ಮೇಲ್ದವಡೆಯ ಹಲ್ಲುಸೆಟ್ಟು ಎರಡು ಹೋಳಾಗಿತ್ತು. ಅವಳು ಅದನ್ನು ಮನೆಗೆ ತಂದು, ಎರಡು ಸಂಜೆ ಕೂತು ಸರಿಮಾಡಿ, ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದಳು. ಹನ್ನೊಂದೂವರೆಗೆ, ಮಾಸ್ತರರು ಮೂವತ್ತು ವರ್ಷ ಪಾಠ ಹೇಳಿದ ಶಾಲೆಯಲ್ಲಿ ಅವರ ಭಾಷಣ. ಹಲ್ಲಿಲ್ಲದೆ ವೇದಿಕೆ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. ಭಾಷಣದ ವಿಷಯ ಶಿಸ್ತು. ಬೊಚ್ಚುಬಾಯಿಯಲ್ಲಿ ಆ ಪದವನ್ನು ನೀವೇ ಒಮ್ಮೆ ಹೇಳಿ ನೋಡಿ, ಅವರ ಕಷ್ಟ ಅರ್ಥವಾಗುತ್ತದೆ.

ಇಂಥ ದಿನವೇ ನಮ್ಮ ಕಾರಿನ ಎಡಗಡೆಯ ಮುಂಚಕ್ರ ಉಸಿರು ಬಿಟ್ಟು ಮಲಗಿತ್ತು. ಹೆಂಡತಿ ಟ್ಯಾಕ್ಸಿಗೆ ಫೋನ್ ಮಾಡಲು ಹೊರಟಳು. ನಾನು ಕೈ ಅಡ್ಡ ಹಿಡಿದು ತಡೆದೆ. ಈ ತಪ್ಪು ಮೊದಲನೆಯದು. ಎಣಿಸುತ್ತಾ ಹೋಗಿ.

ಪ್ರತಿ ಚಕ್ರಕ್ಕೂ ಐದು ನಟ್ಟು. ನಾಲ್ಕು ಸಾಧು ಸ್ವಭಾವದವು. ಯಾವ ಸ್ಪ್ಯಾನರಿಗಾದರೂ ತಲೆಬಾಗುತ್ತವೆ. ಐದನೆಯದು ಕಳ್ಳರಿಗೆಂದೇ ಹುಟ್ಟಿದ ಲಾಕ್ ನಟ್ಟು. ಅದರ ತಲೆಯ ಮೇಲೆ ಹೂವಿನಂಥ ಗೀರು, ಆ ಗೀರಿನಲ್ಲಿ ಕೂರುವ ಹಲ್ಲುಗಳುಳ್ಳ ಒಂದೇ ಒಂದು ಕೀಲಿ. ಚಕ್ರ ಕದಿಯುವ ಕಳ್ಳರ ಸುದ್ದಿಯನ್ನು ಎರಡು ವರ್ಷದ ಹಿಂದೆ ಯಾವುದೋ ಪತ್ರಿಕೆಯಲ್ಲಿ ಓದಿ ನಾನೇ ಹಾಕಿಸಿದ್ದು. ಹಾಕಿಸಿ ಸುಮ್ಮನಿದ್ದೆನೇ? ಕಳ್ಳನ ಕೈ ನನಗಿಂತ ಗಟ್ಟಿಯಿದ್ದರೆ ಏನು ಗತಿ ಎಂಬ ದೂರಾಲೋಚನೆಯಿಂದ, ಪ್ರತಿ ಭಾನುವಾರ ಕಾಫಿ ಮುಗಿಸಿ ಒಂದೊಂದು ಲಾಕ್ ನಟ್ಟನ್ನೂ ಇನ್ನಷ್ಟು ಬಿಗಿ ಮಾಡುತ್ತಿದ್ದೆ. ನೂರು ಭಾನುವಾರ! ಅಷ್ಟು ಹೊತ್ತಿಗೆ ಅದು ನಟ್ಟಾಗಿ ಉಳಿದಿರಲಿಲ್ಲ, ಕಾರಿನ ಅಂಗವೇ ಆಗಿಹೋಗಿತ್ತು.

ನಾಲ್ಕು ಸಾಧುಗಳು ಸಲೀಸಾಗಿ ಸಡಿಲವಾದವು. ಐದನೆಯದಕ್ಕೆ ಕೀಲಿ ಕೂರಿಸಿದೆ, ಸ್ಪ್ಯಾನರ್ ಹಾಕಿದೆ, ಒತ್ತಿದೆ. ಗೋಡೆಗೆ ಒತ್ತಿದ ಹಾಗಾಯಿತು. ಹಿತ್ತಲಲ್ಲಿ ಬಿದ್ದಿದ್ದ ನೀರಿನ ಪೈಪಿನ ತುಂಡನ್ನು ತಂದು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಿ ಜಗ್ಗಿದೆ. ಊಹೂಂ. ಕೊನೆಗೆ ಗೇಟು ಹಿಡಿದುಕೊಂಡು, ನನ್ನ ಎಂಬತ್ತಾರು ಕಿಲೋ ತೂಕವನ್ನೆಲ್ಲ ಒಟ್ಟುಗೂಡಿಸಿ, ಹಲ್ಲು ಕಚ್ಚಿ, ಆ ಪೈಪಿನ ಮೇಲೆ ಹತ್ತಿ ನಿಂತೆ.

ಟಕ್!

ನಿಜ ಹೇಳಬೇಕೆಂದರೆ, ಎರಡು ಟಕ್. ಒಂದು ಚಕ್ರದಲ್ಲಿ, ಇನ್ನೊಂದು ನನ್ನ ಬಲದವಡೆಯಲ್ಲಿ. ಅಲ್ಲೊಂದು ಹುಳುಕು ಹಲ್ಲಿತ್ತು. ನಾಲ್ಕು ತಿಂಗಳಿಂದ ಎಡಗಡೆಯಲ್ಲೇ ಅಗಿದು, ಐಸ್ ನೀರು ಬೇಡವೆಂದು, ಡಾಕ್ಟರ ಮನೆಯಲ್ಲೇ ಇದ್ದುಕೊಂಡು ಆ ಡಾಕ್ಟರಿಂದಲೇ ಮುಚ್ಚಿಟ್ಟಿದ್ದ ಹಲ್ಲು. ಕಿವಿಯ ತನಕ ಮಿಂಚು ಹರಿಯಿತು. ನಾನು ನೆಲದ ಮೇಲೆ, ಪೈಪು ನನ್ನ ಮೇಲೆ.

"ಏನ್ರೀ ಮುರೀತು?" ಒಳಗಿನಿಂದ ಹೆಂಡತಿ.

"ಏನೂ ಇಲ್ಲ ಕಣೆ," ಎಂದೆ, ಕೆನ್ನೆ ಹಿಡಿದುಕೊಂಡು. ಎರಡಕ್ಕೂ ಒಂದೇ ಉತ್ತರ.

ಅವಳು ಬಂದು ನೋಡಿದಳು. ಕೀಲಿಯ ಹಲ್ಲುಗಳು ಮುರಿದು ನಟ್ಟಿನ ಗೀರಿನೊಳಗೇ ಕೂತಿದ್ದವು. ಉಳಿದ ಬೋಳು ಕೀಲಿ ನನ್ನ ಕೈಯಲ್ಲಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ಟ್ಯಾಕ್ಸಿಗೆ ಫೋನ್ ಮಾಡಿದಳು. ಒಂದು ಗಂಟೆಯಾದರೂ ಬೇಕೆಂದರು. ಎದುರುಮನೆಯವರ ಕಾರು ಆಗಲೇ ಹೋಗಿತ್ತು. ಮೆಕ್ಯಾನಿಕ್‌ಗೆ ಮಾಡಿ ಸ್ಪೀಕರಿಗೆ ಹಾಕಿದಳು. ಅವನು ಸಂಜೆ ಬರುತ್ತೇನೆಂದ. ನಟ್ಟಿನ ಗಾತ್ರಕ್ಕಿಂತ ಒಂದು ಕೂದಲು ಚಿಕ್ಕದಾದ ಸಾಕೆಟ್ಟನ್ನು, ಅಂದರೆ ಸ್ಪ್ಯಾನರಿಗೆ ಸಿಕ್ಕಿಸುವ ಟೊಪ್ಪಿಯನ್ನು, ಅದರ ತಲೆಗೆ ಬಡಿದು ಕೂರಿಸಿ, ನಿಧಾನವಾಗಿ ತಿರುಗಿಸುವುದೊಂದೇ ದಾರಿ ಎಂದೂ, ಅದು ಎಲ್ಲರ ಕೈಗೆ ಬರುವ ವಿದ್ಯೆಯಲ್ಲವೆಂದೂ ವಿವರಿಸಿದ. ಕೊನೆಗೆ ಕೇಳಿದ, "ಸಾರು ಪೈಪ್ ಹಾಕಿದ್ರಾ ಮೇಡಂ?"

ಅವಳು ನನ್ನತ್ತ ನೋಡಿದಳು. ನಾನು ಆಕಾಶ ನೋಡಿದೆ.

"ಹಾಕಿದ್ದಾರೆ," ಎಂದು ಅವನೇ ತೀರ್ಮಾನಿಸಿ ಫೋನ್ ಇಟ್ಟ.

ಒಂಬತ್ತು ನಲವತ್ತು. ಹೆಂಡತಿ ಒಳಗೆ ಹೋದಳು. ತಲೆಗೂದಲು ಗಂಟು ಹಾಕಿ, ಕನ್ನಡಕ ಬದಲಿಸಿ, ಕ್ಲಿನಿಕ್ಕಿನಿಂದ ನಿವೃತ್ತಿಯಾಗಿ ಮನೆ ಸೇರಿದ್ದ ಹಳೆಯ ಸಲಕರಣೆಗಳ ತಟ್ಟೆಯೊಂದಿಗೆ ಬಂದಳು. ಮಾಸ್ತರರ ಹಲ್ಲಿನ ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟಳು. ಚಕ್ರದ ಮುಂದೆ ಮಣೆ ಹಾಕಿ ಕೂತಳು. ನನ್ನ ಕೈಗೆ ಟಾರ್ಚು ಕೊಟ್ಟಳು.

"ಅಲ್ಲಾ, ಇದು ಗಟ್ಟಿ ಕೆಲಸ, ನಿನಗೆ..." ಎಂದು ಶುರುಮಾಡಿದೆ.

"ಬಾಯಿ ಮುಚ್ಚಿ ಬೆಳಕು ಹಿಡೀರಿ."

ಜಗತ್ತಿಗೆಲ್ಲ ಬಾಯಿ ತೆಗೀರಿ ಎನ್ನುವವಳು ಮುಚ್ಚಿ ಎನ್ನುವುದು ನನಗೊಬ್ಬನಿಗೇ! ಆ ಹೆಮ್ಮೆಯಲ್ಲೇ ಬೆಳಕು ಹಿಡಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಇಪ್ಪತ್ತಾರು ವರ್ಷಗಳಲ್ಲಿ ನಾನು ಅವಳ ಕ್ಲಿನಿಕ್ಕಿನ ಹೊಸ್ತಿಲು ದಾಟಿದ್ದು ಎರಡೇ ಸಲ: ಉದ್ಘಾಟನೆಯ ದಿನ, ಮತ್ತೆ ಬಲ್ಬು ಬದಲಾಯಿಸಲು. ಆ ಕುರ್ಚಿ ಕಂಡರೆ ನಾನು ಬಾಗಿಲ ಕಡೆ ತಿರುಗುತ್ತೇನೆ. ಹಾಗಾಗಿ ಅವಳು ಕೆಲಸ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ.

ಮೊದಲು ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ನಟ್ಟಿನ ಬಳಿ ಹಿಡಿದು ಎಲ್ಲ ಮಗ್ಗುಲಿಂದಲೂ ನೋಡಿದಳು. ಆಮೇಲೆ ಕೊಕ್ಕೆಯಂಥ ಸೂಜಿಯಿಂದ ಗೀರಿನಲ್ಲಿ ಸಿಕ್ಕಿದ್ದ ಚೂರುಗಳನ್ನು ಒಂದೊಂದಾಗಿ ಕೆದಕಿ ತೆಗೆದು ತಟ್ಟೆಗೆ ಹಾಕಿದಳು. ಟಿಣ್. ಟಿಣ್. ಟಿಣ್. ನಟ್ಟಿನ ಬುಡಕ್ಕೆ ಎಣ್ಣೆ ಬಿಟ್ಟು ಕೈಕಟ್ಟಿ ಕೂತಳು. ಹೊತ್ತಾಗುತ್ತಿದೆಯಲ್ಲ ಎಂದು ನಾನು ಚಡಪಡಿಸಿದರೆ, ಮರಗಟ್ಟುವ ಮೊದಲೇ ಕೈ ಹಾಕುವ ಅಭ್ಯಾಸ ತನಗಿಲ್ಲ ಎಂದಳು.

ನನ್ನ ಎಪ್ಪತ್ತೆರಡು ಸಾಮಾನಿನ ಪೆಟ್ಟಿಗೆಯನ್ನು, ಕೊಂಡ ದಿನದ ಪ್ಲಾಸ್ಟಿಕ್ ಹರಿಯದೆ ಉಳಿದಿದ್ದ ಆ ಪೆಟ್ಟಿಗೆಯನ್ನು, ಅವಳೇ ತೆರೆದಳು. ಒಂದೊಂದು ಸಾಕೆಟ್ಟನ್ನೂ ನಟ್ಟಿನ ತಲೆಗೆ ಇಟ್ಟು ನೋಡಿದಳು. ಇದು ಸಡಿಲ. ಇದೂ ಸಡಿಲ. ಇದು ಕೂರುವುದಿಲ್ಲ. "ಇದೇ ಬೇಕು," ಎಂದಳು. ಚಕ್ರಕ್ಕೆ ಗೀರು ಬೀಳದ ಹಾಗೆ ಸುತ್ತ ಬಟ್ಟೆ ತುರುಕಿದಳು. ಆಮೇಲೆ ಸುತ್ತಿಗೆ ಎತ್ತಿ, ಮೆಲ್ಲಗೆ ಅಲ್ಲದಿದ್ದರೂ ಅಳೆದು ಅಳೆದು, ಪೆಟ್ಟಿನ ಮೇಲೆ ಪೆಟ್ಟು ಹಾಕಿದಳು. ಆರನೆಯ ಪೆಟ್ಟಿಗೆ ಸಾಕೆಟ್ಟು ನಟ್ಟನ್ನು ಕಚ್ಚಿಕೊಂಡಿತು.

ಸ್ಪ್ಯಾನರ್ ಹಾಕಿದವಳು ಒಮ್ಮೆ ಬಗ್ಗಿ, ನನ್ನಾಣೆಗೂ ಹೇಳುತ್ತೇನೆ, ನಟ್ಟಿನ ಹತ್ತಿರ ಮೆತ್ತಗೆ ಅಂದಳು: "ಏನೂ ಆಗಲ್ಲ. ಸ್ವಲ್ಪ ಒತ್ತಿದ ಹಾಗೆ ಅನ್ನಿಸುತ್ತೆ, ಅಷ್ಟೆ."

ಜಗ್ಗಲಿಲ್ಲ. ಹತ್ತಿ ನಿಲ್ಲಲಿಲ್ಲ. ಮೊದಲು ಒಂದು ಎಳೆಯಷ್ಟು ಬಿಗಿಯುವ ಕಡೆಗೆ, ಮತ್ತೆ ಸಡಿಲಿಸುವ ಕಡೆಗೆ, ಮತ್ತೆ ಹಿಂದಕ್ಕೆ. ಮುಂಗೈಯ ನರ ಎದ್ದಿತ್ತು, ಮುಖ ಮಾತ್ರ ನಿರಾಳ. ಅದಕ್ಕೇ ಬಿಡುವ ಮನಸ್ಸು ಬರಬೇಕು, ನಾವು ಎಳೆದರೆ ಮುರಿಯುತ್ತದೆ ಎಂದು ಹೇಳುತ್ತಲೇ ಇದ್ದಳು. ನೂರು ಭಾನುವಾರಗಳ ನನ್ನ ಪೌರುಷವೆಲ್ಲ ಕಿರ್ರ್ ಎಂದು ನರಳಿತು. ಕಾಲು ಸುತ್ತು. ಅರ್ಧ ಸುತ್ತು. ಆಮೇಲೆ ಬೆರಳಲ್ಲೇ ಬಂತು.

ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಪೂರ್ತಿ ಬಂದಿದೆ," ಎಂದು ತಟ್ಟೆಗೆ ಹಾಕಿದಳು. ಟಿಣ್.

ಬಾಯಿ ಮುಚ್ಚಬೇಕೆಂಬ ಆಜ್ಞೆ ಮರೆತು ನಾನು ಬಾಯಿ ತೆರೆದೇ ನಿಂತಿದ್ದೆ. ಇಷ್ಟು ವರ್ಷ ನನ್ನ ಮನೆಯಲ್ಲೇ ಇಂಥ ಕೈಗಳು ಓಡಾಡುತ್ತಿದ್ದವಲ್ಲ! ನಾನೋ, ಅವುಗಳಿಗೆ ಹೆದರಿ ಎಡಗಡೆಯಲ್ಲಿ ಅಗಿಯುತ್ತಿದ್ದೆ.

ಸ್ಟೆಪ್ನಿಯನ್ನು ನಾಲ್ಕು ಸಾಧುಗಳ ಆಸರೆಯಲ್ಲಿ ಕೂರಿಸಿದ್ದು ಮಾತ್ರ ನಾನೇ, ದಯವಿಟ್ಟು ಬರೆದುಕೊಳ್ಳಿ. ಪಂಕ್ಚರ್ ಅಂಗಡಿ ಕ್ಲಿನಿಕ್ಕಿನ ಪಕ್ಕದಲ್ಲೇ ಇದ್ದುದರಿಂದ ಜೊತೆಗೆ ಹೊರಟೆ. ಕಾರು ಓಡಿಸಿದ್ದು ಅವಳು. ಹತ್ತೂಮುಕ್ಕಾಲಿಗೆ ತಲುಪಿದಾಗ ಮಾಸ್ತರರು ಬಾಗಿಲಲ್ಲಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಹನ್ನೊಂದು ಹತ್ತಕ್ಕೆ ಹೊರಬಂದವರು ನನ್ನ ಮುಂದೆ ನಿಂತು, "ಶಿಸ್ತು," ಎಂದು ಸ್ಪಷ್ಟವಾಗಿ, ಎರಡು ಸಲ ಹೇಳಿದರು. ಪ್ರಯೋಗಕ್ಕೆ ಹೇಳಿದರೋ ನನಗೇ ಹೇಳಿದರೋ ತಿಳಿಯಲಿಲ್ಲ. ನಗುತ್ತಾ ಶಾಲೆಯ ಕಡೆ ಹೊರಟರು.

ನಾನು ಪಂಕ್ಚರ್ ಅಂಗಡಿಗೆಂದು ಎದ್ದೆ. ಒಳಬಾಗಿಲು ತೆರೆಯಿತು.

"ಮುಂದಿನವರು ಬನ್ನಿ."

ಹಿಂದೆ ಮುಂದೆ ನೋಡಿದೆ. ಖಾಲಿ ಬೆಂಚು.

"ನಾನೇನೂ... ನೋವೇ ಇಲ್ಲವಲ್ಲ."

"ಜೂನ್‌ನಿಂದ ಎಡಗಡೇಲಿ ಅಗೀತಿದ್ದೀರಿ. ನೀವಾಗೇ ಹೇಳಲಿ ಅಂತ ಕಾದೆ. ಇವತ್ತು ಪೈಪ್ ಹತ್ತಿ ಅದನ್ನೂ ಮುರ್ಕೊಂಡ್ರಿ. ಬನ್ನಿ."

ಕುರ್ಚಿ ಹಿಂದಕ್ಕೆ ವಾಲಿತು. ಬೆಳಕು ಕಣ್ಣಿಗೆ ಬಿತ್ತು. ಆ ಕನ್ನಡಿ ಬೆಳಗಿನದ್ದಲ್ಲ ತಾನೇ ಎಂದು ವಿಚಾರಿಸಿ ಖಾತ್ರಿ ಮಾಡಿಕೊಂಡೆ. ಅವಳು ಬಗ್ಗಿ, ಬೆಳಿಗ್ಗೆ ಕೇಳಿದ್ದ ಅದೇ ಮೆತ್ತಗಿನ ದನಿಯಲ್ಲಿ, ಏನೂ ಆಗಲ್ಲ, ಸ್ವಲ್ಪ ಒತ್ತಿದ ಹಾಗೆ ಅನ್ನಿಸುತ್ತೆ ಎಂದಳು. ಎಳೆಯಷ್ಟು ಆ ಕಡೆ, ಎಳೆಯಷ್ಟು ಈ ಕಡೆ. ಆಮೇಲೆ ನಡೆದದ್ದನ್ನು ಪಕ್ಕದ ಪಂಕ್ಚರ್ ಅಂಗಡಿಯವನು ನನಗಿಂತ ಚೆನ್ನಾಗಿ ಹೇಳಬಲ್ಲ. ಎರಡು ಗೋಡೆ ದಾಟಿ ಅವನಿಗೆ ಕೇಳಿಸಿತಂತೆ.

ಟಿಣ್.

ಅವಳು ಕೈ ತೊಳೆಯುತ್ತಾ, ನನ್ನತ್ತ ತಿರುಗದೆಯೇ ಅಂದಳು:

"ನಟ್ಟೇ ವಾಸಿ ಕಣ್ರೀ. ಅದು ಕೂಗಲಿಲ್ಲ."