ದೊಡ್ಡಮ್ಮನ ಹೆಸರಿದ್ದ ಬಾಟ್ಲು

ಅವರೆಕಾಳು ಹಿದುಕುತ್ತಾ ಕೂತಿದ್ದೆ. ನೆನೆದ ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಹತ್ತರಲ್ಲಿ ಒಂದು ಬೇಳೆ ಪಾತ್ರೆಗೆ ಬೀಳದೆ ತಪ್ಪಿಸಿಕೊಂಡು ಸೋಫಾದ ಕೆಳಗೆ ಓಡುತ್ತದೆ. ಈ ಕೆಲಸಕ್ಕೆ ಕೂತರೆ ನನಗೆ ಒಂಥರಾ ಮಂಪರು. ಕೈ ತನ್ನ ಪಾಡಿಗೆ ಒತ್ತುತ್ತಿರುತ್ತದೆ, ಮನಸ್ಸು ಎಲ್ಲೋ ತೇಲುತ್ತಿರುತ್ತದೆ. ಹಾಗೆ ತೇಲುತ್ತಿದ್ದವಳನ್ನು ದೊಡ್ಡಮ್ಮನ ಫೋನು ನೆಲಕ್ಕಿಳಿಸಿತು.

"ಏನ್ ಮಾಡ್ತಿದ್ದೀಯೇ?"

"ಅವರೆಕಾಳು ಹಿದುಕ್ತಿದ್ದೀನಿ ದೊಡ್ಡಮ್ಮ."

"ಮುಚ್ಚಿಟ್ಟು ಬಾ. ಒಳ್ಳೇ ಸೀರೆ ಉಟ್ಕೊ. ಬಾಟ್ಲು ಎಲ್ಲಿದೆ ಅಂತ ಗೊತ್ತಾಯ್ತು. ಬಾರ್‌ಗೆ ಹೋಗ್ಬೇಕು."

ಎಪ್ಪತ್ತೆರಡು ವರ್ಷದ, ಚರ್ಚಿನಲ್ಲಿ ವಾರಕ್ಕೆ ನಾಲ್ಕು ಪೂಜೆ ತಪ್ಪಿಸದ, ಗಂಡ ತೀರಿ ಇನ್ನೂ ನಲವತ್ತು ದಿನ ತುಂಬದ ಹೆಂಗಸು ಹೀಗೆ ಹೇಳಿದರೆ ನೀವೇನು ಮಾಡುತ್ತೀರಿ? ನಾನು ಪಾತ್ರೆಗೆ ತಟ್ಟೆ ಮುಚ್ಚಿ, ಸೀರೆ ಉಡಲು ಎದ್ದೆ. ನಮ್ಮ ದೊಡ್ಡಮ್ಮನಿಗೆ ಬೇಡ ಎನ್ನುವವರು ಒಂಟಿಕೊಪ್ಪಲಿನಲ್ಲಿ ಇನ್ನೂ ಹುಟ್ಟಿಲ್ಲ.

ಅವರ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆ ಯಾವತ್ತೋ ಅವರು ಸ್ವರ್ಗದ ಬಾಗಿಲಿಗೆ ಹೋದಾಗ, ಅದನ್ನು ಕಾಯುವ ಸಂತರ ಕೈಯಿಂದ ಬೀಗದ ಕೈ ಇಸಕೊಂಡು ತಿರುಗಿಸಿ ನೋಡುತ್ತಾರೆ, ಹಿಂದುಗಡೆ ತನ್ನ ಹೆಸರೇನಾದರೂ ಕೊರೆದಿದೆಯಾ ಅಂತ!

ಪಾತ್ರೆಗೆ ಹೆಸರು ಕೊರೆಸುವುದು ಎಲ್ಲರ ಮನೆಯಲ್ಲೂ ಉಂಟು. ಮದುವೆಗೆ ಕೊಟ್ಟ ಕೊಳಗ, ಗೃಹಪ್ರವೇಶಕ್ಕೆ ಕೊಟ್ಟ ತಟ್ಟೆ, ಇಷ್ಟೇ ತಾನೇ? ದೊಡ್ಡಮ್ಮನಿಗೆ ಅಷ್ಟಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಸೌಟು, ಇಕ್ಕಳ, ಟೀ ಸೋಸುವ ಜಾಲರಿಯ ಹಿಡಿ, ಇಡ್ಲಿ ತಟ್ಟೆಯ ನಡುವಿನ ಕಂಬಿ, ಎಲ್ಲದರ ಮೇಲೂ ಅವರ ಹೆಸರಿದೆ. ಪಾತ್ರೆ ಅಂಗಡಿಯಲ್ಲಿ ಕೊರೆಯುವ ಮಷೀನು ಹಿಡಿದು ಕೂರುವವನು ಇವರನ್ನು ಕಂಡರೆ ಕನ್ನಡಕ ಒರೆಸಿಕೊಳ್ಳುತ್ತಾನೆ. ದೊಡ್ಡಪ್ಪನ ಕೈಗಡಿಯಾರದ ಹಿಂದುಗಡೆ ಕೂಡ ಕೊರೆಸಿದ್ದರು. "ಮನುಷ್ಯರ ಮೇಲೆ ಕೊರೆಯಲ್ಲ ಅಂದ್ಬುಟ್ಟ ಕಣೇ ಅವನು, ಅದಕ್ಕೇ ವಾಚಿನ ಮೇಲೆ" ಎಂದು ಕಾರಣ ಕೊಟ್ಟಿದ್ದರು.

ಹೆಸರು ಕೊರೆಸಿದ ಮೇಲೆ ವಸೂಲಿಯೂ ಆಗಬೇಕಲ್ಲ. ಒಮ್ಮೆ ಚಾಮರಾಜಪುರಂನಲ್ಲಿ ಯಾರದೋ ಮದುವೆ ಊಟಕ್ಕೆ ಹೋಗಿದ್ದೆವು. ಪಾಯಸದ ಪಾತ್ರೆಯಲ್ಲಿ ಆಡುತ್ತಿದ್ದ ಸೌಟು ಅವರ ಕಣ್ಣಿಗೆ ಬಿತ್ತು. ಎದ್ದುಹೋಗಿ ಸೌಟು ಎತ್ತಿ, ತೊಳೆದು, ಒರೆಸಿ, ಬ್ಯಾಗಿಗೆ ಹಾಕಿಕೊಂಡು ಬಂದು ಮತ್ತೆ ಎಲೆ ಮುಂದೆ ಕೂತರು. ಆಮೇಲಿನ ಪಂಕ್ತಿಯವರಿಗೆಲ್ಲ ಪಾಯಸವನ್ನು ಲೋಟದಲ್ಲಿ ಮೊಗೆದು ಬಡಿಸಿದರು. ನನ್ನ ಹೆರಿಗೆಯಾದಾಗ ಆಸ್ಪತ್ರೆಗೆ ಸಾರು ಅನ್ನ ಕಳಿಸಿದ್ದರು. ಮಾರನೇ ದಿನ ಬಂದವರು ಮಂಚದ ಕೆಳಗೆ ಬಗ್ಗಿ "ಕ್ಯಾರಿಯರಿನ ಮೂರನೇ ಡಬ್ಬಿ ಎಲ್ಲಿ?" ಎಂದು ಕೇಳಿದರು. ಡಬ್ಬಿ ಸಿಕ್ಕಿದ ಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು, "ಗಂಡೋ, ಹೆಣ್ಣೋ?" ಎಂದರು.

ಪಾತ್ರೆ ವಾಪಸು ಬಂದರೆ ಮಾತ್ರ ಸಾಲದು, ಖಾಲಿ ಬರಬಾರದು. ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. "ಖಾಲಿ ಪಾತ್ರೆ ಕೊಡೋದು ಅಂದ್ರೆ ಮಾತು ಮುಗೀತು ಅಂದಂಗೆ" ಎನ್ನುತ್ತಿದ್ದರು.

ಈಗ ಬಾಟ್ಲಿನ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಸಂಜೆ ಏಳಾದರೆ ಕನ್ನಡಿ ಮುಂದೆ ನಿಂತು ಕ್ರಾಪು ತೀಡಿ, "ಒಂಚೂರು ಗಾಳಿ ಕುಡ್ಕೊಂಡು ಬರ್ತೀನಿ" ಎಂದು ಹೊರಡುತ್ತಿದ್ದರು. ಗಾಳಿ ನಮ್ಮ ಬೀದಿಯ ಕೊನೆಯಲ್ಲಿದ್ದ ಬಾರಿನಲ್ಲಿ ಸಿಗುತ್ತಿತ್ತು. ದೊಡ್ಡಮ್ಮ ಜಗಳ ಮಾಡಿದರು, ಉಪವಾಸ ಮಾಡಿದರು, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಲವತ್ತು ದಿನ ಮಾತು ಬಿಟ್ಟರು. ಏನೂ ನಡೆಯಲಿಲ್ಲ. ಕೊನೆಗೆ, "ಆ ಬಾರಿನ ನೀರು ಕುಡಿದ್ರೆ ಹೊಟ್ಟೆ ಕೆಡುತ್ತೆ, ಮನೆ ನೀರು ತಗೊಂಡೋಗಿ" ಎಂದು ಒಂದು ಲೀಟರಿನ ಸ್ಟೀಲ್ ಬಾಟ್ಲು ಕೈಗೆ ಕೊಡತೊಡಗಿದರು. ಬಾಟ್ಲಿನ ಮೇಲೆ ಹೆಸರಿತ್ತು, ಹೇಳಬೇಕಾಗಿಲ್ಲ.

ಆ ನೀರಿನಲ್ಲೊಂದು ಗುಟ್ಟಿತ್ತು. ಚರ್ಚಿನಲ್ಲಿ ಫಾದರು ಉಪ್ಪು ಹಾಕಿ ಮಂತ್ರಿಸಿಕೊಡುವ ತೀರ್ಥವನ್ನು ಪ್ರತಿದಿನ ಅರ್ಧ ಲೋಟದಷ್ಟು ಬಾಟ್ಲಿಗೆ ಸುರಿದು, ಒಂದು 'ನಮೋ ಮರಿಯಾ' ಹೇಳಿ ಮುಚ್ಚಳ ತಿರುಗಿಸುತ್ತಿದ್ದರು. ಮರಿಯಾ ಮಾತೆ ಮನಸ್ಸು ಮಾಡಿದರೆ ಕುಡಿತ ಬಿಡಿಸುವುದು ಎಷ್ಟರ ಕೆಲಸ? ಹಾಗಂತ ಇಪ್ಪತ್ತೆಂಟು ವರ್ಷ ಸುರಿದರು. ದೊಡ್ಡಪ್ಪನೂ ಇಪ್ಪತ್ತೆಂಟು ವರ್ಷ ಬಾಟ್ಲು ಕಂಕುಳಲ್ಲಿಟ್ಟುಕೊಂಡು ಶ್ರದ್ಧೆಯಿಂದ ಬಾರಿಗೆ ಹೋದರು. ಮನೆಮಂದಿಗೆಲ್ಲ ಗೊತ್ತಿದ್ದ ಗುಟ್ಟು ಅವರೊಬ್ಬರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆವು.

ಕ್ರಿಸ್ಮಸ್ಸಿಗೆ ಇನ್ನೂ ದಿನವಿರುವಾಗ, ಒಂದು ಸಂಜೆ, ದೊಡ್ಡಪ್ಪ ಬೇಗನೆ ವಾಪಸು ಬಂದರು. ಕೈಯಲ್ಲಿ ಬಾಟ್ಲಿರಲಿಲ್ಲ.

"ನನ್ ಬಾಟ್ಲೆಲ್ಲಿ?"

"ನಾಳೆ ತರ್ತೀನಿ ಕಣೇ."

"ಇಷ್ಟು ವರ್ಷದಲ್ಲಿ ಒಂದಿನ ಬಿಟ್ಟು ಬಂದಿರ್ಲಿಲ್ಲ. ಅಷ್ಟೂ ಸ್ಮರಣೆ ತಪ್ಪೋ ಹಂಗೆ ಕುಡಿದ್ರಾ ಇವತ್ತು?"

ಅವರು ಸೀದಾ ಹೋಗಿ ಮಲಗಿದರು. ಬೆಳಗಾಗುವಷ್ಟರಲ್ಲಿ ಹೃದಯ ನಿಂತುಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ದೊಡ್ಡಮ್ಮ ಅಳಲಿಲ್ಲ. ಪೂಜೆಗೆ ಬರುತ್ತಿದ್ದರು, ಆದರೆ ಬಾಗಿಲ ಬಳಿಯ ತೀರ್ಥದ ಬಟ್ಟಲಿಗೆ ಬೆರಳು ತಾಗಿಸದೆ ಸೀದಾ ಒಳಗೆ ಹೋಗಿ ಕಡೇ ಬೆಂಚಿನಲ್ಲಿ ಕೂರುತ್ತಿದ್ದರು. ಜಪಸರ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಯಾಕೆ ಅಂತ ಕೇಳಿದ್ದಕ್ಕೆ, "ಇಪ್ಪತ್ತೆಂಟು ವರ್ಷ ಸುರಿದ ನೀರೆಲ್ಲ ದಂಡವಾಯ್ತು. ಕೊನೇ ದಿನ ಮೈಮೇಲೆ ಜ್ಞಾನ ಇಲ್ದಂಗೆ ಕುಡ್ಕೊಂಡು ಬಂದ್ರು. ನಾನೂ ಕೊನೇ ಮಾತು ಒಂದು ಬಾಟ್ಲಿನ ಬಗ್ಗೆ ಆಡಿ ಕಳಿಸ್ದೆ. ಮಾತೆ ಜೊತೆ ನಂಗೇನಿದೆ ಇನ್ನು ಮಾತು?" ಎಂದಿದ್ದರು.

ಹೀಗಿರುವಾಗ, ಆ ಫೋನು ಬಂದ ದಿನ ಮಧ್ಯಾಹ್ನ ದೊಡ್ಡಪ್ಪನ ಸ್ನೇಹಿತರಾದ ಟೈಲರು ಗೇಟಿನ ಹೊರಗಡೆಯಿಂದ, ಬಾಟ್ಲು ದಾರಿಯಲ್ಲಿ ಕಳೆದಿಲ್ಲ, ಬಾರಿನಲ್ಲೇ ಇದೆ, ತಂದುಕೊಡಲು ತಮಗೆ ಧೈರ್ಯ ಸಾಲದು ಎಂದು ಹೇಳಿಹೋಗಿದ್ದರು.

ನಾವು ಹೊರಟಾಗ ಏಳಾಗಿತ್ತು. ಮಂಜು ಆಗಲೇ ಇಳಿದು ಬೀದಿದೀಪಗಳ ಸುತ್ತ ಹತ್ತಿ ಸುತ್ತಿದ ಹಾಗಿತ್ತು. ಯಾರದೋ ಮನೆಯಲ್ಲಿ ಕ್ರಿಸ್ಮಸ್ಸಿನ ನಕ್ಷತ್ರ ಇನ್ನೂ ಇಳಿಸಿರಲಿಲ್ಲ. ಕೆಂಪು ಕಾಗದದೊಳಗಿನ ಬಲ್ಬು ಮಂಜಿನಲ್ಲಿ ಅರ್ಧ ಕರಗಿ ತೇಲುತ್ತಿತ್ತು. ಕಾಲಿನ ಕೆಳಗೆ ರಸ್ತೆ ಇದೆಯೋ ಇಲ್ಲವೋ ಎನ್ನುವ ಹಾಗೆ ನಡೆದೆ. ದಾರಿಯಲ್ಲಿ ಫಾದರು ಎದುರಾಗಲಿಲ್ಲ, ಅದೊಂದು ದೇವರ ಕೃಪೆ. ನನ್ನ ಗಂಡ ಆಫೀಸಿನಿಂದ ಬಂದಿರಲಿಲ್ಲ, ಅದು ಎರಡನೇದು. ದೊಡ್ಡಮ್ಮ ಮಾತ್ರ ಪೂಜೆಗೆ ತಡವಾದವರ ಹಾಗೆ ಮುಂದೆ ಮುಂದೆ ಹೋಗುತ್ತಿದ್ದರು.

ಬಾರಿನ ಬಾಗಿಲಿಗೆ ಅಡ್ಡಲಾಗಿ ಒಂದು ಹಸಿರು ಪರದೆ. ಅದನ್ನು ಸರಿಸಿದರೆ ಒಳಗೆ ಇನ್ನೊಂದು ಲೋಕ. ಟ್ಯೂಬ್‌ಲೈಟಿಗೆ ನೀಲಿ ಕಾಗದ ಸುತ್ತಿದ್ದರಿಂದ ಎಲ್ಲರೂ ನೀರಿನ ಅಡಿಯಲ್ಲಿ ಕೂತ ಹಾಗೆ ಕಾಣುತ್ತಿದ್ದರು. ಮೂಲೆಯಲ್ಲಿ ಒಂದು ಮೀನಿನ ತೊಟ್ಟಿ, ಅದರಲ್ಲಿ ಒಂದೇ ಮೀನು, ಅದಕ್ಕೂ ನಿದ್ದೆಗಣ್ಣು. ಮೊಟ್ಟೆ ಬುರ್ಜಿಯ ವಾಸನೆ, ಈರುಳ್ಳಿ ಕಲಸಿದ ಕಡ್ಲೆಬೀಜದ ವಾಸನೆ. ನಾನು ಕಲ್ಪಿಸಿಕೊಂಡಿದ್ದ ನರಕಕ್ಕೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ಜಾತ್ರೆ ಮುಗಿದ ಮೇಲೆ ಕಾಲು ಚಾಚಿ ಕೂತವರ ಹಾಗೆ ಹತ್ತು ಹನ್ನೆರಡು ಗಂಡಸರು ಮೆಲ್ಲಗೆ ಮಾತಾಡುತ್ತಿದ್ದರು.

ನಮ್ಮನ್ನು ಕಂಡು ಮಾತು ನಿಂತಿತು. ಒಬ್ಬರು ಗ್ಲಾಸನ್ನು ಟೇಬಲ್ ಕೆಳಗೆ ಇಳಿಸಿದರು. ಇನ್ನೊಬ್ಬರು ಮೇಷ್ಟ್ರು ಬಂದ ಹಾಗೆ ಎದ್ದು ನಿಂತರು. ಟೈಲರು ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರು ಓದತೊಡಗಿದರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಾನು ಪಾತ್ರೆಗೆ ಬಂದಿರೋದು" ಎಂದು ದೊಡ್ಡಮ್ಮ ಎಲ್ಲರಿಗೂ ಅಭಯ ಕೊಟ್ಟು, ಟೈಲರ ಎದುರಿನ ಖಾಲಿ ಕುರ್ಚಿ ಎಳೆದು ಕೂತರು. ಕೂತವರ ಕೈ ಸುಮ್ಮನಿರಬೇಕಲ್ಲ? ಟೇಬಲ್ ಮೇಲಿನ ಉಪ್ಪಿನಕಾಯಿ ಬಟ್ಟಲು ಎತ್ತಿ ತಳ ನೋಡಿದರು.

"ಇದೂ ನಂದೇ."

ಸಪ್ಲೈಯರು ಓಡಿಬಂದ. ಐವತ್ತು ದಾಟಿದ ಮನುಷ್ಯ, ಇಲವಾಲದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವನು. "ಅಣ್ಣಾವ್ರೇ ತಂದ್ಕೊಟ್ಟಿದ್ದು ಅಮ್ಮಾ. 'ನಿಮ್ ಪ್ಲಾಸ್ಟಿಕ್ ಬಟ್ಲಲ್ಲಿ ಉಪ್ಪಿನಕಾಯಿ ಕೊಟ್ರೆ ವಾಸ್ನೆ ಬತ್ತದೆ' ಅಂತಿದ್ರು."

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಆ ಬಟ್ಟಲನ್ನು ನಾನೇ ನುಂಗಿಹಾಕಿದ್ದೇನೆ ಎಂದು ಮೂರು ವರ್ಷದಿಂದ ಮಾತು ಕೇಳುತ್ತಿದ್ದೆ! ಮೂರನೇ ಕೃಪೆ.

"ಬಾಟ್ಲೆಲ್ಲಪ್ಪಾ?"

ಸಪ್ಲೈಯರು ಕೈ ಒರೆಸಿಕೊಂಡು ಗಲ್ಲಾದ ಮೇಲುಗಡೆಗೆ ತೋರಿಸಿದ. ಅಲ್ಲಿ ಗೋಡೆಯ ಹಲಗೆಯ ಮೇಲೆ ಮಲ್ಲಿಗೆ ಹಾರ ಹಾಕಿದ ಚಾಮುಂಡೇಶ್ವರಿಯ ಪಟ, ಪಕ್ಕದಲ್ಲಿ ಗಣಪತಿ, ಅದರ ಪಕ್ಕದಲ್ಲಿ ದೊಡ್ಡಮ್ಮನ ಬಾಟ್ಲು. ಮುಚ್ಚಳದ ಮೇಲೆ ಒಂದು ಹೂವು ಬೇರೆ. ಊದುಬತ್ತಿಯ ಹೊಗೆ ಮೂರಕ್ಕೂ ಸಮನಾಗಿ ಸುತ್ತುತ್ತಿತ್ತು.

"ಅದ್ಯಾಕಪ್ಪ ಅಲ್ಲಿಟ್ಟಿದ್ದೀಯ?"

"ಇನ್ನೆಲ್ಲಿ ಮಡಗ್ಲಿ ಅಮ್ಮಾ? ತೀರ್ಥ ಅಲ್ವಾ?"

ದೊಡ್ಡಮ್ಮ ಕೈಯಲ್ಲಿದ್ದ ಬಟ್ಟಲನ್ನು ಟೇಬಲ್ಲಿನ ಮೇಲಿಟ್ಟರು. "ತೀರ್ಥ ಅಂತ ನಿಂಗ್ಯಾರು ಹೇಳಿದ್ರು?"

ಟೈಲರು ಕ್ಯಾಲೆಂಡರು ಓದುವುದನ್ನು ಬಿಟ್ಟು ಈ ಕಡೆ ತಿರುಗಿದರು. "ಅಣ್ಣನೇ ಅಕ್ಕಾ. ಮೊದ್ಲನೇ ದಿನವೇ ಗೊತ್ತಾಗಿತ್ತಂತೆ ಅವ್ರಿಗೆ, ನೀರು ಒಂಚೂರು ಉಪ್ಪುಪ್ಪಾಗಿತ್ತಂತೆ. 'ನಮ್ಮನೆಯವಳು ನನ್ನ ಕುಡಿತ ಬಿಡಿಸೋಕೆ ತೀರ್ಥ ಹಾಕಿದ್ದಾಳೆ ಕಣಯ್ಯಾ. ಇದನ್ನ ಬ್ರಾಂದಿಗೆ ಬೆರೆಸಿದ್ರೆ ಪಾಪ, ಚೆಲ್ಲಿದ್ರೆ ಅದಕ್ಕಿಂತ ಪಾಪ' ಅಂತ, ದಿನಾ ಬಂದ ತಕ್ಷಣ ಚಪ್ಪಲಿ ಬಿಟ್ಟು ನಿಂತ್ಕೊಂಡು, ಮೊದ್ಲು ಆ ನೀರು ಕುಡಿಯೋರು. ನಂಗೊಂದು ಲೋಟ ಕೊಟ್ಟು, ಮಿಕ್ಕಿದ್ದೆಲ್ಲ ಅವ್ರೇ. ಅಷ್ಟು ನೀರು ಹೊಟ್ಟೆಗೆ ಹೋದ್ಮೇಲೆ ಇನ್ನೇನು ಕುಡೀತಾರೆ ಹೇಳಿ? ಎರಡು. ಎರಡರ ಮೇಲೆ ಹೊಟ್ಟೇಲಿ ಜಾಗ ಇರ್ತಿರ್ಲಿಲ್ಲ ಅಕ್ಕಾ. ಇಷ್ಟು ವರ್ಷದಲ್ಲಿ ಮೂರನೇದು ನಾನಂತೂ ನೋಡ್ಲಿಲ್ಲ. ನಾವೆಲ್ಲ ಛೇಡಿಸೋವು, ಅಣ್ಣನ ಹೊಟ್ಟೇಲಿ ಹೆಂಡ್ತಿ ಮೊದ್ಲೇ ಜಾಗ ಹಿಡಿದವ್ರೆ ಅಂತ."

"ಆವತ್ತು?" ದೊಡ್ಡಮ್ಮನ ದನಿ ಬಹಳ ಸಣ್ಣಗಾಗಿತ್ತು. "ಕೊನೇ ದಿನ ಎಷ್ಟು ಕುಡಿದ್ರು?"

"ಏನೂ ಇಲ್ಲ ಅಮ್ಮಾ" ಎಂದ ಸಪ್ಲೈಯರು. "ಅರ್ಧ ಬಾಟ್ಲು ನೀರು ಕುಡಿಯೋ ಒತ್ಗೆ ಎದೆ ಬಿಗೀತದೆ ಅಂದ್ರು. ನನ್ನ ಕೈಗೆ ಕೊಟ್ಟು, 'ಮಿಕ್ಕಿದ್ದು ನಾಳೆ ಬಂದು ಕುಡೀತೀನಿ, ಚೆಲ್ಬೇಡ, ಎತ್ತಿಡು' ಅಂದು ಅಂಗೇ ಒಂಟೋದ್ರು. ಗ್ಲಾಸು ಮುಟ್ಲೇ ಇಲ್ಲ."

ಮೀನು ಒಂದು ಸುತ್ತು ಹಾಕಿ ಬಂತು. ಸಪ್ಲೈಯರು ಸ್ಟೂಲು ಹತ್ತಿ ಬಾಟ್ಲು ಇಳಿಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ದೊಡ್ಡಮ್ಮ ಅಭ್ಯಾಸಬಲದಿಂದ ಹೆಸರಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಒಳಗೆ ನೀರು ಕುಲುಕಿತು.

"ಅಂತೂ ಖಾಲಿ ಕೊಡ್ಲಿಲ್ಲ ಕಣೇ" ಎಂದರು.

ಇಷ್ಟು ದಿನ ತಡೆದಿದ್ದದ್ದು ಆಗ ಬಂತು. ಸೆರಗು ಬಾಯಿಗೆ ಹಿಡಿದು, ಆ ನೀಲಿ ಬೆಳಕಿನಲ್ಲಿ, ಅಷ್ಟು ಜನ ಕುಡುಕರ ನಡುವೆ, ಚರ್ಚಿನಲ್ಲಿ ಅಳದ ದೊಡ್ಡಮ್ಮ ಅತ್ತರು. ಎದ್ದು ನಿಂತಿದ್ದವರು ಕೂರಲಿಲ್ಲ. ಯಾರೋ ಟೇಬಲ್ ಕೆಳಗಿನ ಗ್ಲಾಸನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

ಆಮೇಲೆ ಮುಚ್ಚಳ ಬಿಚ್ಚಿ, ಬೆರಳು ಅದ್ದಿ, ಹಣೆಗೆ ಎದೆಗೆ ಭುಜಕ್ಕೆ ಮುಟ್ಟಿಸಿ ಶಿಲುಬೆ ಗುರುತು ಹಾಕಿಕೊಂಡರು. ಮುಖ ಒರೆಸಿಕೊಂಡು ಟೈಲರನ್ನು ದಿಟ್ಟಿಸಿದರು.

"ನಿಮ್ದು ಈಗ ಎಷ್ಟಾಗ್ತಿದೆ?"

ಟೈಲರು ತಲೆ ತಗ್ಗಿಸಿದರು. "ಸುಳ್ಳು ಹೇಳಲ್ಲ ಅಕ್ಕಾ. ಅಣ್ಣ ಹೋದ್ಮೇಲೆ ನಾಲ್ಕಾಗ್ತಿದೆ."

"ನಾಳೆಯಿಂದ ಏಳು ಗಂಟೆಗೆ ಗೇಟಿನ ಹತ್ರ ಬನ್ನಿ. ಬಾಟ್ಲು ತುಂಬಿಸ್ಕೊಡ್ತೀನಿ. ಪೂರ್ತಿ ಕುಡೀಬೇಕು, ಮೊದ್ಲು. ಬಾಟ್ಲು ಮಾತ್ರ ರಾತ್ರಿನೇ ವಾಪಸು ಬರ್ಬೇಕು."

"ಬಟ್ಲು, ಅಮ್ಮಾ?" ಎಂದು ಸಪ್ಲೈಯರು ಉಪ್ಪಿನಕಾಯಿ ಬಟ್ಟಲು ತೋರಿಸಿದ.

ದೊಡ್ಡಮ್ಮ ಯೋಚಿಸಿದರು. ಜನ್ಮದಲ್ಲಿ ಒಂದೇ ಒಂದು ಸಲ ಯೋಚಿಸಿದರು. "ಇರ್ಲಿ ಬಿಡು, ಅವ್ರು ಕೊಟ್ಟಿದ್ದು" ಎಂದು ಎದ್ದರು.

ವಾಪಸು ಬರುವಾಗ ಮಂಜು ಇನ್ನೂ ದಟ್ಟವಾಗಿತ್ತು. ಬಾಟ್ಲು ಅವರ ಕಂಕುಳಲ್ಲಿತ್ತು, ದೊಡ್ಡಪ್ಪ ಹಿಡಿಯುತ್ತಿದ್ದ ಹಾಗೆಯೇ. ತಮ್ಮ ಗೇಟಿಗೆ ಬಂದಾಗ, "ಬೆಳಗ್ಗೆ ಪೂಜೆಗೆ ಹೋಗುವಾಗ ಕೂಗು. ತೀರ್ಥ ತರ್ಬೇಕು, ಮನೇಲಿ ಒಂದು ತೊಟ್ಟೂ ಇಲ್ಲ" ಎಂದರು. ಎರಡು ಹೆಜ್ಜೆ ಒಳಗೆ ಹೋದವರು ತಿರುಗಿ, "ಉಪ್ಪು ಸ್ವಲ್ಪ ಜಾಸ್ತಿನೇ ಹಾಕ್ತಾರೆ ಅಲ್ವಾ ನಮ್ ಫಾದರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡರು. ಕಿಟಕಿಯಲ್ಲಿ ದೀಪ ಹತ್ತಿತು. ಗೋಡೆಯ ಮೊಳೆಯಿಂದ ಜಪಸರ ತೆಗೆಯುವ ಕೈಯ ನೆರಳು ಕಂಡಿತು. ನಾಲ್ಕನೇ ಕೃಪೆ. ಆಮೇಲೆ ಎಣಿಸುವುದನ್ನು ಬಿಟ್ಟೆ.

ಮನೆಗೆ ಬಂದು ಸೀರೆ ಬದಲಾಯಿಸಿ, ತಟ್ಟೆ ಸರಿಸಿ, ಉಳಿದ ಅವರೆಕಾಳು ಹಿದುಕಲು ಕೂತೆ. ಬೇಳೆ ಬೀಳುತ್ತಿದ್ದ ಪಾತ್ರೆಯ ಅಂಚಿನಲ್ಲಿ ದೊಡ್ಡಮ್ಮನ ಹೆಸರಿತ್ತು. ಹೋದ ವರ್ಷ ತಂದದ್ದು, ಹೇಗೋ ಅವರ ಕಣ್ಣು ತಪ್ಪಿಸಿ ಇಟ್ಟುಕೊಂಡಿದ್ದೆ. ಬೆಳಗ್ಗೆ ಪೂಜೆಗೆ ಹೋಗುವಾಗ ಕೊಟ್ಟುಬಿಡಬೇಕು. ಖಾಲಿ ಕೊಡುವ ಹಾಗಿಲ್ಲವಲ್ಲ, ಇಬ್ಬರ ಮನೆಗೂ ಆಗುವಷ್ಟು ಹಿದುಕಿದೆ.